ಗಾದಿಯ ಅಳತೆಗೆ ಹೋಗಿ ತಂದ ಬೋಟು

ವಾಸ್ಕೋದಲ್ಲಿ ನಮ್ಮದು ಪರದೆ ಬಟ್ಟೆ ಮತ್ತು ಗಾದಿಗಳ ಅಂಗಡಿ. ಮಾವನವರು ಧಾರವಾಡದಿಂದ ಬಂದು ಹಾಕಿದ್ದು. ಅವರು ತೀರಿಕೊಂಡ ಮೇಲೆ ನಮ್ಮವರು ನಡೆಸಿಕೊಂಡು ಬಂದರು. ಕೆಳಗೆ ಅಂಗಡಿ, ಹಿಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಶೀನು, ಮಾಳಿಗೆಯ ಮೇಲೆ ನಾನು, ನಮ್ಮವರು, ಅತ್ತೆ. ಮಗಳು ಧಾರವಾಡದಲ್ಲಿ ನನ್ನ ತವರುಮನೆಯಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ಒಂದು ಮಧ್ಯಾಹ್ನ ಅಳತೆಗೆಂದು ಹೋಗಿದ್ದ ನಮ್ಮವರು ರದ್ದಿ ಪೇಪರು ಅಂಟಿಸಿ ಕತ್ತರಿಸಿದ ಎರಡು ದೊಡ್ಡ ತುಂಡುಗಳನ್ನು ಸುತ್ತಿಕೊಂಡು ಬಂದರು. ನೆಲದ ಮೇಲೆ ಹಾಸಿ ನೋಡಿದರೆ ಇಸ್ತ್ರಿಪೆಟ್ಟಿಗೆಯ ತಳದ ಹಾಗೆ ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು.

"ಇದೆಂಥಾ ಮಂಚ್ರಿ? ಯಾರು ಮಲಗ್ತಾರ ಇದರ ಮ್ಯಾಲ?" ಎಂದೆ.

"ಮಂಚ ಅಲ್ಲ, ಬೋಟು. ಬೋಟಿನ ಮೂತಿ ಹೆಂಗ ಇರತೈತಿ, ಒಳಗಿನ ಗಾದೀನೂ ಹಂಗಽ ಇರಬೇಕು."

ಜುವಾರಿ ಹೊಳೆಯ ದಂಡೆಯಲ್ಲಿ, ಬೋಟುಗಳನ್ನು ಮೇಲಕ್ಕೆಳೆದು ರಿಪೇರಿ ಮಾಡುವ ಒಂದು ಜಾಗವಿತ್ತು. ಹಡಗಿನ ನೌಕರಿಯಿಂದ ನಿವೃತ್ತರಾದ ಮುದುಕರೊಬ್ಬರ ಹಳೆಯ ಬೋಟು ಅಲ್ಲಿ ನಿಂತಿತ್ತು. ಮೀನಿನ ದೋಣಿಯಲ್ಲ, ಒಳಗೆ ಇಬ್ಬರು ಮೂವರು ಮಲಗುವಂಥ ಕ್ಯಾಬಿನ್, ಗಾಜಿನ ಕಿಟಕಿ, ಪುಟ್ಟದೊಂದು ಅಡುಗೆ ಕಟ್ಟೆ ಇದ್ದ ಫೈಬರಿನ ಬೋಟು. ನಾನು ನೀಲಿ ರೆಕ್ಸಿನ್ ಹಾಕಿ ಗಾದಿ ಹೊಲಿದುಕೊಟ್ಟೆ. ಕೊಟ್ಟುಬರಲು ಹೋದ ನಮ್ಮವರು ಸಂಜೆ ಬಂದು ತಾಟಿನ ಮುಂದೆ ಕುಳಿತರೂ ಕೈ ಹಾಕಲಿಲ್ಲ.

"ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ."

"ಗಾದಿ ಸಣ್ಣ ಆದ್ವೇನು?"

"ಇಲ್ಲ, ಬರೋಬ್ಬರಿ ಕೂತಾವು. ಬೋಟೂ ನಾವಽ ತಗೊಂಡ್ವಿ."

ಆ ಮುದುಕರು ಹೊಸ ಗಾದಿಯ ಮೇಲೆ ಕುಳಿತು ಕೈಯಾಡಿಸಿ, ಇನ್ನು ತಮ್ಮಿಂದ ನೀರಿಗಿಳಿಯುವುದು ಆಗದು, ಮಗಳ ಮನೆಗೆ ಪುಣೆಗೆ ಹೋಗುತ್ತೇನೆ, ಬೋಟನ್ನು ಜೋಪಾನ ಮಾಡುವವರು ಸಿಕ್ಕರೆ ಕೊಟ್ಟುಬಿಡುತ್ತೇನೆ ಎಂದರಂತೆ. ನಮ್ಮವರ ಬಾಯಿಂದ 'ನನಗೇ ಕೊಡ್ರಿ' ಎಂಬ ಮಾತು ಹೊರಟುಬಿಟ್ಟಿತಂತೆ. ಅಂಗಡಿಗೆ ಟೆಂಪೋ ತೆಗೆದುಕೊಳ್ಳಲೆಂದು ಇಟ್ಟಿದ್ದ ದುಡ್ಡು ಬೋಟಿಗೆ ಹೋಯಿತು.

ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು: "ಈಜು ಬರತೈತೇನು ನಿನಗ?"

"ನನಗ ಬರದಿದ್ರ ಏನಾತವ್ವಾ, ಬೋಟಿಗೆ ಬರತೈತಲ್ಲ."

"ಆತು. ಪರದೆ ಬಟ್ಟಿ ನೀರಿನ ಮ್ಯಾಲ ಒಯ್ದು ಮೀನಕ್ಕ ಮಾರು."

ನಮ್ಮವರು ಹುಟ್ಟಿದ್ದು ಧಾರವಾಡದಲ್ಲಾದರೂ ಬೆಳೆದದ್ದೆಲ್ಲ ಬಂದರಿನ ಊರಿನಲ್ಲಿ. ಶಾಲೆಗೆ ಹೋಗುವಾಗ, ಅಂಗಡಿ ತೆರೆಯುವಾಗ, ಸಡಾದ ಗುಡ್ಡದ ಮೇಲಿನ ಗಿರಾಕಿಗಳ ಮನೆಗೆ ಪರದೆ ಕಟ್ಟಲು ಹೋದಾಗ ಕಣ್ಣಿಗೆ ಬೀಳುತ್ತಿದ್ದದ್ದು ಹಡಗುಗಳೇ. ಆದರೆ ನೀರಿನ ಮೇಲೆ ಕಾಲಿಟ್ಟದ್ದು ಫೆರಿಯಲ್ಲಿ ಮಾತ್ರ. ಇಷ್ಟು ವರ್ಷ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆಂದು ನನಗೂ ಅಂದೇ ಗೊತ್ತಾದದ್ದು.

ಮೊದಲ ಭಾನುವಾರ ಮೂವರೂ ನೋಡಲು ಹೋದೆವು. ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಬಣ್ಣ ಹಕ್ಕಳೆಯಾಗಿ ಎದ್ದಿತ್ತು, ಕಿಟಕಿಯ ರಬ್ಬರು ಬಾಯಿ ಬಿಟ್ಟಿತ್ತು. ಒಳಗೆ ಹೊಕ್ಕರೆ ಪೆಟ್ರೋಲು, ಮುಗ್ಗು, ಹಳೆಯ ಹಗ್ಗದ ವಾಸನೆ. ಇದ್ದುದರಲ್ಲಿ ಹೊಸದಾಗಿ ಕಾಣುತ್ತಿದ್ದದ್ದು ನನ್ನ ಗಾದಿಗಳೇ. ನಮ್ಮವರು ಚುಕ್ಕಾಣಿಯ ಚಕ್ರ ಹಿಡಿದು ಸೆಟೆದು ನಿಂತು ನಮ್ಮ ಕಡೆ ನೋಡಿ ನಕ್ಕರು. ಅಷ್ಟರಲ್ಲಿ ಕಾಲ ಕೆಳಗಿನ ಪ್ಲೈವುಡ್ ಪುಡಿಯಾಗಿ ಬಲಗಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಕೆಳಗೆ ನಿಂತಿದ್ದ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮಾವ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆ ಮಳೆಗಾಲವಿಡೀ ನಮ್ಮ ಭಾನುವಾರಗಳು ತಾಡಪತ್ರಿಯ ಕೆಳಗೆ ಕಳೆದವು. ಸಡಾದಲ್ಲಿದ್ದ ವಿಜಯಪುರದ ಕಡೆಯ ಮಿಸ್ತ್ರಿಯೊಬ್ಬರು ಜೊತೆಯಾದರು. ವಾರವೆಲ್ಲ ಅದಿರು ಸಾಗಿಸುವ ಚಪ್ಪಟೆ ಹಡಗುಗಳ, ಅಂದರೆ ಬಾರ್ಜುಗಳ, ಇಂಜಿನ್ ಬಿಚ್ಚುವವರು, ರಜೆಯ ದಿನ ನಮ್ಮ ಬೋಟಿನದು ಬಿಚ್ಚಿದರು. ಹಳೆಯ ಪೆಟ್ರೋಲ್ ಇಂಜಿನ್ ತುಕ್ಕು ಹಿಡಿದು ಗಟ್ಟಿಯಾಗಿತ್ತು. ಅದನ್ನು ತೆಗೆದು, ಎಲ್ಲಿಂದಲೋ ಹುಡುಕಿ ತಂದ ಹಳೆಯ ಡೀಸೆಲ್ ಇಂಜಿನ್ ಕೂರಿಸಬೇಕು. ಅದಕ್ಕೆ ಮೊದಲು ಅದರ ಕೆಳಗಿನ ಪೀಠ ಗಟ್ಟಿ ಮಾಡಬೇಕು. ಅದಕ್ಕೂ ಮೊದಲು ನೆಲ. ಒಂದು ಹಲಗೆ ಕಿತ್ತರೆ ಪಕ್ಕದ್ದೂ ಕೊಳೆತಿರುತ್ತಿತ್ತು.

ಗಾಜಿನ ನಾರಿನ ಬಟ್ಟೆ ಕತ್ತರಿಸಿ ಅಂಟು ಬಳಿದು ಹಚ್ಚುವ ಫೈಬರ್ ಕೆಲಸ ಬಂದಾಗ ನನ್ನ ಮಶೀನಿನ ಪೆಟ್ಟಿಗೆಯಿಂದ ಒಳ್ಳೆಯ ಕತ್ತರಿ ಮಾಯವಾಯಿತು. ಸಿಕ್ಕಾಗ ಅದರ ಬಾಯಿ ಮೊಂಡಾಗಿ, ಅಂಟು ಮೆತ್ತಿ, ಬಿಚ್ಚಲಾಗದಂತಾಗಿತ್ತು.

"ಅದೂ ಒಂದು ನಮೂನಿ ಬಟ್ಟೀನಽ ಅಲ್ಲೇನು?" ಎಂದರು ನಮ್ಮವರು.

"ಹಂಗಾರ ಅದರದಽ ಒಂದು ಅಂಗಿ ಹೊಲಿದು ಕೊಡ್ತೀನಿ, ಹಾಕ್ಕೊಳ್ರಿ," ಎಂದೆ.

ಅಂಗಿ ಹೊಲಿಯುವ ಅಗತ್ಯವೇ ಬೀಳಲಿಲ್ಲ. ಫೈಬರ್ ಉಜ್ಜಿದ ಪುಡಿ ಮೈಗೆಲ್ಲ ಹತ್ತಿ, ಅವರು ಒಂದು ವಾರ ತುರಿಸಿಕೊಂಡರು. ಅತ್ತೆ ಕೊಬ್ಬರಿ ಎಣ್ಣೆ ಹಚ್ಚಿದರು. ನಾನು ಆ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ಒಗೆದೆ.

ಮಳೆ ನಿಂತು ಹೊಳೆ ತಿಳಿಯಾದ ಮೇಲೆ ಬೋಟು ನೀರಿಗಿಳಿಯಿತು. ಅತ್ತೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಡೀಸೆಲ್ ಇಂಜಿನ್ ಭಾರವಾಗಿ ಬೋಟಿನ ಹಿಂಭಾಗ ಕುಕ್ಕರಿಸಿ ಕುಳಿತಂತೆ ಕಾಣುತ್ತಿತ್ತು. ಬ್ಯಾಟರಿಗಳನ್ನೂ ನೀರಿನ ಟಾಕಿಯನ್ನೂ ಮುಂದಿನ ಗಾದಿಯ ಕೆಳಗೆ ಒಯ್ದಿಟ್ಟ ಮೇಲೆ ಸ್ವಲ್ಪ ನೆಟ್ಟಗಾಯಿತು. ನೀರಿನೊಳಗಿನ ಪಂಖ ತಿರುಗಿಸುವ ದಂಡ ತಳದಿಂದ ಹೊರಗೆ ಹೋಗುವಲ್ಲಿ ಟಪ್ ಟಪ್ ಎಂದು ನೀರು ಹನಿಯುತ್ತಿತ್ತು. ನಾನು ಗಾಬರಿಯಾಗಿ ಕೂಗಿದೆ.

ಮಿಸ್ತ್ರಿ ಬಗ್ಗಿ ನೋಡಿ, "ಬೀಳಲಿ ಬಿಡ್ರಿ ಅಕ್ಕಾರ. ಹನಿ ಬಿದ್ರಽ ಅದು ತಂಪಿರತೈತಿ. ಪೂರ್ತಿ ನಿಂತಿತಂದ್ರ ಸುಡತೈತಿ," ಎಂದರು.

ಅದೆಲ್ಲ ಕೇಳಿಯೂ ಅತ್ತೆ ಬೋಟು ಹತ್ತಲಿಲ್ಲ. "ನಾ ಇಲ್ಲೆ ದಂಡೀ ಮ್ಯಾಲ ಕುಂದರ್ತೀನಿ. ನೀವು ಮುಳುಗಿದ್ರ ಊರಿಗೆ ಸುದ್ದಿ ಹೇಳಾಕ ಒಬ್ಬರರ ಬೇಕಲ್ಲ," ಎಂದರು. ಹಾಗೆಯೇ ಎಷ್ಟೋ ಭಾನುವಾರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಜೆಟ್ಟಿಯ ಮೇಲೆ ಕುಳಿತರು. ನಾವು ಒಂದು ಸುತ್ತು ಹೋಗಿ ಬರುವವರೆಗೆ ಬತ್ತಿ ಹೊಸೆಯುತ್ತಿದ್ದರು.

ಅವರು ಹತ್ತಿದ್ದು ಬಿಸಿಲಿನಿಂದ. ಬೇಸಿಗೆಯ ಒಂದು ಭಾನುವಾರ ಇಂಜಿನ್ನಿನ ಏನೋ ಕೆಲಸ ಮುಗಿಯದೆ ಮಧ್ಯಾಹ್ನವಾಯಿತು. ದಂಡೆಯಲ್ಲಿ ನೆರಳಿಲ್ಲ, ಅವರಿಗೆ ಮೊಣಕಾಲು ನೋವು. "ಕಟ್ಟಿದ್ದಽ ಐತೇಳ್ರಿ, ಎಲ್ಲೂ ಹೋಗಂಗಿಲ್ಲ. ಒಳಗ ಬಂದು ಒಂಚೂರು ಕಾಲು ಚಾಚ್ರಿ ಅತ್ತಿ," ಎಂದೆ. ಹಗ್ಗಗಳನ್ನು ಒಂದೊಂದಾಗಿ ಜಗ್ಗಿ ನೋಡಿ, ನನ್ನ ಭುಜ ಹಿಡಿದು ಇಳಿದರು. ಮುಂದಿನ ಚೂಪು ಗಾದಿಯ ಮೇಲೆ ಅಡ್ಡಾದರು.

ಮಾವ ಹೋದ ದಿನದಿಂದ ಅವರಿಗೆ ನಿದ್ದೆ ಸರಿ ಇರಲಿಲ್ಲ. ಡಾಕ್ಟರ ಗುಳಿಗೆ, ಜಾಯಿಕಾಯಿ, ಅಂಗಾಲಿಗೆ ಎಣ್ಣೆ, ಎಲ್ಲ ಆಗಿತ್ತು. ಅಂದು ಬೋಟು ಮೆಲ್ಲಗೆ ಆಚೀಚೆ ಆಡುತ್ತಿತ್ತು; ಕೆಳಗೆ ನೀರು ಚಳ್ ಚಳ್ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗೊರಕೆ ಕೇಳಿಸಿತು. ಮಿಸ್ತ್ರಿ ಸುತ್ತಿಗೆ ಕೆಳಗಿಟ್ಟರು. ನಾವು ಮೂವರೂ ಸದ್ದು ಮಾಡದೆ ಹೊರಗೆ ಕುಳಿತೆವು. ನಮ್ಮವರು ತಾಯಿಯ ಪಾದಗಳನ್ನೇ ನೋಡುತ್ತಿದ್ದರು. ಭರತಿಯ ನೀರು ಏರಿ ಬೋಟು ಜೆಟ್ಟಿಯ ಮಟ್ಟಕ್ಕೆ ಬಂದ ಮೇಲೆಯೇ ಅತ್ತೆಗೆ ಎಚ್ಚರವಾದದ್ದು.

"ಏ, ಸಂಜಿ ಆತಲ್ಲೋ! ಯಾಕ ಎಬ್ಬಿಸಲಿಲ್ಲ?" ಎಂದು ಎಲ್ಲರನ್ನೂ ಬೈದರು. ಮನೆಗೆ ಬಂದು ಕೈಕಾಲು ತೊಳೆಯುತ್ತ, ಯಾರ ಮುಖವನ್ನೂ ನೋಡದೆ ಕೇಳಿದರು: "ಮುಂದಿನ ಐತವಾರ ಹೋಗೂದೈತಲ್ಲ?"

ಅಲ್ಲಿಂದ ಮುಂದೆ ಬೋಟಿಗಾದ ಸುಧಾರಣೆಗಳೆಲ್ಲ ಅವರ ಹುಕುಮಿನವು. ಇಳಿಯಲು ಮೆಟ್ಟಿಲು ಬಂತು, ಹಿಡಿಯಲು ಸ್ಟೀಲಿನ ಸರಳು ಬಂತು. ಕಿಟಕಿ ತೆರೆಯುವಂತಾಯಿತು. ದೇವರಿಗೊಂದು ಗೂಡು, ಅದಕ್ಕೆ ಅಲ್ಲಾಡಿದರೂ ಬೀಳದಂತೆ ಮುಂದೆ ಪಟ್ಟಿ. ಕೊನೆಗೆ ಒಂದು ದಿನ ಮಗನನ್ನು ಕರೆದು, "ಎಲ್ಲಾ ಚಲೋ ಐತಿ, ಆದ್ರ ಹೆಣ್ಮಕ್ಕಳು ಎಲ್ಲಿಗೆ ಹೋಗಬೇಕು?" ಎಂದರು. ಕೈಪಂಪಿನ ಸಂಡಾಸು ಕೂರಿಸಲು ನಮ್ಮವರು ಮತ್ತು ಮಿಸ್ತ್ರಿ ಇಡೀ ಚಳಿಗಾಲ ಒದ್ದಾಡಿದರು. ಒಮ್ಮೆ ಪೈಪು ತಿರುವುಮುರುವಾಗಿ ಜೋಡಿಸಿ, ಪಂಪು ಒತ್ತಿದ ನಮ್ಮವರ ಮೋರೆಗೆ ಹೊಳೆಯ ನೀರು ಚಿಮ್ಮಿತ್ತು.

ಧೈರ್ಯ ಬಂದ ಮೇಲೆ ಹೊಳೆಯ ಮೇಲ್ಗಡೆ, ಬೋರಿ ಸೇತುವೆಯ ಕಡೆಗೆ ಹೊರಟೆವು. ಮಿಸ್ತ್ರಿ ಊರಿಗೆ ಹೋಗಿದ್ದರು; ನಾವು ಮೂವರೇ. ಅರ್ಧ ದಾರಿಯಲ್ಲಿ ಇಂಜಿನ್ ಕಾದು ಹೊಗೆ ಬಂತು. ನಮ್ಮವರು ಬಂದ್ ಮಾಡಿದರು. ಸೆಳವಿಗೆ ಸಿಕ್ಕ ಬೋಟು ಬಾರ್ಜುಗಳು ಓಡಾಡುವ ದಾರಿಯತ್ತ ಸರಿಯತೊಡಗಿತು. ಲಂಗರು ಎಸೆದರೆ ಕೆಸರಿನಲ್ಲಿ ಉಳುತ್ತ ಬಂತು, ಕಚ್ಚಲಿಲ್ಲ. ತಿರುವಿನಲ್ಲಿ ಅದಿರು ತುಂಬಿದ ಬಾರ್ಜು ಕಾಣಿಸಿಕೊಂಡು ಹಾರ್ನ್ ಹೊಡೆಯಿತು.

"ನೀ ಚಕ್ರ ಹಿಡಿ! ದಂಡೀ ಕಡೆ ತಿರುವಿ ಹಿಡಿ, ಬಿಡಬ್ಯಾಡ!" ಎಂದು ನಮ್ಮವರು ನೆಲದ ಹಲಗೆ ಎತ್ತಿ ಒಳಗಿಳಿದರು.

ಅಲ್ಲಿಯವರೆಗೆ ನಾನು ಆ ಚಕ್ರ ಮುಟ್ಟಿರಲಿಲ್ಲ. ಇಂಜಿನ್ ಇಲ್ಲದ ಬೋಟು ಚಕ್ರದ ಮಾತು ಎಷ್ಟು ಕೇಳುತ್ತದೆ ಎಂಬುದೂ ಗೊತ್ತಿರಲಿಲ್ಲ. ಎರಡೂ ಕೈಯಿಂದ ದಂಡೆಯ ಕಡೆ ತಿರುವಿ ಹಿಡಿದೆ. ಅತ್ತೆ ಸರಳು ಹಿಡಿದು ಹೊರಗೆ ನಿಂತು, ಹೊದ್ದಿದ್ದ ಕೆಂಪು ಶಾಲು ಬೀಸುತ್ತ, "ಏ ತಮ್ಮಾ! ಆ ಕಡೆ ಹೋಗೋ! ಮಂದಿ ಅದೇವಿ ಇಲ್ಲೆ!" ಎಂದು ಕೂಗಿದರು. ಬಾರ್ಜಿನವರಿಗೆ ಕನ್ನಡ ತಿಳಿಯಿತೋ ಶಾಲು ಕಂಡಿತೋ, ಅದರ ಮೂತಿ ನಿಧಾನವಾಗಿ ಆಚೆ ಹೊರಳಿತು. ಮನೆಯೊಂದು ಪಕ್ಕದಲ್ಲಿ ನಡೆದುಹೋದ ಹಾಗೆ ಹಾದುಹೋಯಿತು. ಅದೆಬ್ಬಿಸಿದ ಅಲೆಗೆ ಒಳಗಿನ ಡಬ್ಬಿಗಳೆಲ್ಲ ಉರುಳಿ, ರೊಟ್ಟಿಗೆಂದು ತಂದಿದ್ದ ಶೇಂಗಾ ಹಿಂಡಿ ನೆಲದ ತುಂಬ ಚೆಲ್ಲಿತು.

ತಪ್ಪು ಇಂಜಿನ್ನಿನದಲ್ಲ. ತಂಪಿಗೆ ಹೊಳೆಯ ನೀರು ಎಳೆಯುವ ತೂತಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿತ್ತು. ಬೋಟಿನಲ್ಲಿದ್ದ ಪರದೆಯ ಸರಳನ್ನು ಒಳಗಿನಿಂದ ತೂರಿಸಿ ತಳ್ಳಿದಾಗ ಅದು ಬಿಟ್ಟುಕೊಂಡಿತು. ಇಂಜಿನ್ ಶುರುವಾದ ಮೇಲೆ ನಮ್ಮವರು ಚಕ್ರಕ್ಕೆ ಕೈ ಚಾಚಿದರು. ನಾನು ಕೊಡಲಿಲ್ಲ. "ಇರಲಿ, ನಾನಽ ಒಯ್ತೀನಿ," ಎಂದೆ. ಅವರು ನನ್ನನ್ನೊಮ್ಮೆ ನೋಡಿ, ಕೈ ಒರೆಸಿಕೊಂಡು ಪಕ್ಕದಲ್ಲಿ ಕುಳಿತರು. ಆಮೇಲೆ ಹೋಗುವಾಗ ಅವರು, ಬರುವಾಗ ನಾನು ಎಂದೇ ರೂಢಿಯಾಯಿತು.

ಆ ವರ್ಷಗಳು ಹೇಗೆ ಹೋದವೋ! ರಜೆಗೆ ಬಂದ ಮಗಳು ಬೋಟಿನ ಛಾವಣಿಯ ಮೇಲೆ ಓದುತ್ತ ಕೂರುತ್ತಿದ್ದಳು. ದಂಡೆಯ ಉಪ್ಪುನೀರಿನಲ್ಲಿ ಬೆಳೆದ ಕಾಂದಳದ ಗಿಡಗಳ ನೆರಳಲ್ಲಿ ಲಂಗರು ಹಾಕಿ ಸ್ಟೋವಿನ ಮೇಲೆ ಚಹಾ ಕಾಯಿಸುತ್ತಿದ್ದೆವು. ಅತ್ತೆ ಮಲಗಿರುತ್ತಿದ್ದರು. ಧಾರವಾಡದಿಂದ ಬಂದ ನೆಂಟರು ಗೋವಾದಲ್ಲಿ ಏನೇನು ನೋಡಿದಿರಿ ಎಂದು ಕೇಳಿದರೆ ಅತ್ತೆ, "ನೋಡೂದೇನೈತ್ರಿ, ಚಲೋ ನಿದ್ದಿ ಆತು," ಎನ್ನುತ್ತಿದ್ದರು.

ಎರಡು ಸಾವಿರದ ಹತ್ತು ದಾಟುವ ಹೊತ್ತಿಗೆ ಬೋಟಿನ ತಳದಲ್ಲಿ ಬೊಬ್ಬೆಗಳೆದ್ದವು. ಒಡೆದರೆ ಒಳಗಿನಿಂದ ಹುಳಿ ವಾಸನೆಯ ನೀರು. ಇಂಜಿನ್ನಿನ ಪೀಠ ಮತ್ತೆ ಬಿರುಕು ಬಿಟ್ಟಿತು. ನಮ್ಮವರಿಗೆ ಸೊಂಟನೋವು, ಬಗ್ಗುವಂತಿಲ್ಲ. ಮಿಸ್ತ್ರಿ ಮಗನ ಜೊತೆ ಊರಿಗೆ ಹೋಗಿ ನೆಲೆಸಿದ್ದರು. ಅತ್ತೆಗೆ ಸರಳು ಹಿಡಿದರೂ ಇಳಿಯುವುದು ಆಗುತ್ತಿರಲಿಲ್ಲ; ನಾವಿಬ್ಬರು ಎತ್ತಿ ಇಳಿಸಬೇಕಿತ್ತು. ಬೋಟು ಮಾರಿಬಿಡೋಣವೆಂದು ಮೊದಲು ಹೇಳಿದ್ದು ಅವರೇ. "ಮೈ ಗಟ್ಟಿ ಇದ್ದವರ ಕೈಯಾಗ ಇರಲಿ ಅದು," ಎಂದರು.

ಕೊಳ್ಳಲು ಕಾಣಕೋಣದ ಅಣ್ಣತಮ್ಮಂದಿರಿಬ್ಬರು ಬಂದರು. ರಿಪೇರಿ ಮಾಡಿ ಪ್ರವಾಸಿಗಳನ್ನು ಸುತ್ತಾಡಿಸುವ ವಿಚಾರ ಅವರದು. ನಮ್ಮವರು ಇಂಜಿನ್ ತೋರಿಸಿದರು. ಅತ್ತೆ ಜೆಟ್ಟಿಯ ಮೇಲಿನ ಕುರ್ಚಿಯಿಂದಲೇ ಸಂಡಾಸಿನ ಪಂಪು ಹೇಗೆ ಒತ್ತಬೇಕು, ಯಾವ ಕಿಟಕಿ ಮಳೆಗೆ ಸೋರುತ್ತದೆ ಎಂದೆಲ್ಲ ಧಾರವಾಡದ ಕನ್ನಡದಲ್ಲಿ ವಿವರಿಸಿದರು. ಅವರು ಕೊಂಕಣಿಯಲ್ಲಿ "ವ್ಹಯ್, ವ್ಹಯ್" ಎಂದು ತಲೆಯಾಡಿಸಿದರು. ದೇವರ ಗೂಡನ್ನು ಅವರು ಬಿಚ್ಚಲಿಲ್ಲ. ತಮ್ಮ ದೇವರನ್ನು ಇಡುತ್ತೇವೆಂದರು. ಸಮುದ್ರ ಶಾಂತವಾಗಿದ್ದ ಒಂದು ಬೆಳಿಗ್ಗೆ ಒಯ್ದರು. ನಮ್ಮವರು ಇಂಜಿನ್ನಿನ ಸದ್ದು ಕೇಳಿಸುವವರೆಗೂ ನಿಂತಿದ್ದು, ಆಮೇಲೆ ಅಂಗಡಿಗೆ ಹೊತ್ತಾಯಿತೆಂದರು. ಅಂದು ಅಂಗಡಿಗೆ ರಜೆಯೆಂಬುದು ಅವರಿಗೆ ಮರೆತಿತ್ತು.

ಮುಂದಿನ ಭಾನುವಾರ ನಾನು ಏಳುವಷ್ಟರಲ್ಲಿ ಅತ್ತೆ ಕುಳಿತಲ್ಲೇ ರೊಟ್ಟಿ ಬಡಿಯತೊಡಗಿದ್ದರು. ಬುತ್ತಿಯ ಬಟ್ಟೆ ಪಕ್ಕದಲ್ಲಿತ್ತು.

"ಅವ್ವಾ, ಬೋಟು ಹೋತಲ್ಲ," ಎಂದರು ನಮ್ಮವರು ಮೆಲ್ಲಗೆ.

"ಗೊತ್ತೈತಿ ನನಗ. ಹೊಳಿ ಎಲ್ಲಿ ಹೋಗೈತಿ?"

ಅಷ್ಟೊತ್ತಿಗೆ ಅಂಗಡಿಗೆ ಟೆಂಪೋ ಬಂದಿತ್ತು. ಅತ್ತೆಯನ್ನು ಮುಂದೆ ಕೂರಿಸಿಕೊಂಡು ಜುವಾರಿ ದಂಡೆಯ ರಾಸಯಿಗೆ ಹೋಗಿ, ದುರ್ಭಾಟಕ್ಕೆ ದಾಟಿಸುವ ಫೆರಿ ಹತ್ತಿದೆವು. ಟೆಂಪೋದಿಂದ ಇಳಿಯದೆ, ಕಿಟಕಿಯ ಗಾಜು ಇಳಿಸಿ, ಅವರು ನೀರು ನೋಡುತ್ತ ಕುಳಿತರು. ಆಚೆ ದಂಡೆಯಲ್ಲಿ ಮರದ ಕೆಳಗೆ ಬುತ್ತಿ ಬಿಚ್ಚಿ ಉಂಡೆವು. ಬರುವಾಗ ನಮ್ಮವರು ಬೋಟಿನ ರೂಢಿಯಂತೆ ಟೆಂಪೋದ ಕೀಲಿ ನನ್ನ ಕೈಗೆ ಕೊಟ್ಟರು. "ನನಗ ಗಾಡಿ ಬರಂಗಿಲ್ರಿ," ಎಂದೆ. ಹೌದಲ್ಲ ಎಂದು ನಕ್ಕು, ತಾವೇ ಹತ್ತಿ ಕುಳಿತರು.