ಕೋಚ್ ಸೊಂಟಪಟ್ಟಿ ಹಿಡಿದ ಕೈ

ಭಾನುವಾರ ಬೆಳಗಿನ ಜಾವ. ಈರಿ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಕಿವಿ ಮರಗಟ್ಟುತ್ತಿದೆ. ಟೊಲಿಡೊ ಕ್ರೀಡಾಂಗಣದ ಹೊರಗೆ ಕಾರು ನಿಲ್ಲಿಸುವ ಬಯಲಲ್ಲಿ ಅಭಿಮಾನಿಗಳು ಆಗಲೇ ಕೆಂಡ ಮಾಡಿಕೊಂಡು ಸಾಸೇಜ್ ಸುಡುತ್ತಿದ್ದಾರೆ. ಒಳಗಿರುವುದು ಒಬ್ಬರೇ ಒಬ್ಬರು. ಐವತ್ತೆಂಟರ ಲೆನಿ ಡುಡೆಕ್ ಉಣ್ಣೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಮೈದಾನದ ಅಂಚಿನ ಅಗಲವಾದ ಬಿಳಿ ಗೆರೆಯ ಪಕ್ಕದ ಹಿಮವನ್ನು ಪೊರಕೆಯಿಂದ ಗುಡಿಸುತ್ತಿದ್ದಾರೆ. ಮೈದಾನದ ಕೆಲಸಗಾರರು ಅದನ್ನು ಒಂದು ಸಲ ಗುಡಿಸಿ ಹೋಗಿಯಾಗಿದೆ. ಲೆನಿಗೆ ಸಮಾಧಾನವಿಲ್ಲ.

"ಅವ್ರು ಎಲ್ಲರಿಗೂ ಅಂತ ಗುಡಿಸ್ತಾರೆ. ನಾನು ನಮ್ಮ ಕೋಚ್ ಕಾಲಿಗೆ ಅಂತ ಗುಡಿಸ್ತೀನಿ. ಅವ್ರು ಜಾರಿದ್ರೆ ಅವ್ರ ಹಿಂದೆ ನಾನೂ ಜಾರ್ತೀನಿ. ಇಬ್ರೂ ಸೇರಿ ಟೀವೀಲಿ ಅಂಗಾತ ಬಿದ್ದಿರ್ತೀವಿ" ಎಂದು ನಗುತ್ತಾರೆ.

ನಮ್ಮೂರಿನ ಟೊಲಿಡೊ ಗ್ಲಾಸ್‌ಮೆನ್ ತಂಡದಲ್ಲಿ ಲೆನಿ ವ್ಯಾಯಾಮದ ಕೋಣೆಯ ಸಹಾಯಕ ತರಬೇತುದಾರ. ವಾರವಿಡೀ ಆಟಗಾರರಿಗೆ ಭಾರ ಎತ್ತಿಸುವುದು, ಉಳುಕಿದ್ದನ್ನು ನೀವುವುದು, ಸೋಮಾರಿಗಳನ್ನು ಬೈಯುವುದು. ಆಟದ ದಿನ ಮಾತ್ರ ಕೆಲಸವೇ ಬೇರೆ. ಮುಖ್ಯ ಕೋಚ್ ಹೊರೇಸ್ ಪಿಕೆಟ್ ಅವರ ಬೆನ್ನಿಗೆ ಅಂಟಿಕೊಂಡು, ಅವರ ಸೊಂಟಪಟ್ಟಿಯನ್ನು ಹಿಂದಿನಿಂದ ಹಿಡಿದು ನಿಲ್ಲಬೇಕು.

ನಗಬೇಡಿ. ಅಮೆರಿಕನ್ ಫುಟ್‌ಬಾಲಿನಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಆಟಗಾರ ಅಂಚಿನಗುಂಟ ಓಡುವಾಗ ಅವನ ಜೊತೆಗೇ ಬಿಳಿ ಗೆರೆಯ ಮೇಲೆ ತೀರ್ಪುಗಾರನೂ ಓಡುತ್ತಾನೆ. ಆ ದಾರಿಗೆ ಯಾರೂ ಅಡ್ಡ ಬರುವಂತಿಲ್ಲ. ಕೋಚ್ ಮುಂದೆ ನುಗ್ಗಿ ತೀರ್ಪುಗಾರನಿಗೆ ಡಿಕ್ಕಿ ಹೊಡೆದರೆ ತಪ್ಪಿನ ಗುರುತಾಗಿ ಅವನು ಎಸೆಯುವ ಹಳದಿ ಬಟ್ಟೆ ನೆಲಕ್ಕೆ ಬೀಳುತ್ತದೆ, ಇಡೀ ತಂಡ ಹದಿನೈದು ಗಜ ಹಿಂದೆ ಸರಿಯಬೇಕಾಗುತ್ತದೆ. ಪಿಕೆಟ್ ಅವರೋ, ಚರ್ಚಿನಲ್ಲಿ ಎದುರು ಸಿಕ್ಕರೆ ಇಷ್ಟು ಸಾಧು ಮನುಷ್ಯ ಇನ್ನೊಬ್ಬರಿಲ್ಲ ಎನ್ನಬೇಕು. ಆಟ ಶುರುವಾಯಿತೋ, ಮೈಮೇಲೆ ಬಂದವರ ಹಾಗೆ ಮೈದಾನಕ್ಕೇ ನುಗ್ಗುತ್ತಾರೆ. ಆಳು ನೋಡಿದರೆ ಆರಡಿಗೂ ಮೇಲೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಲೆನಿ ಎಳೆದ ರಭಸಕ್ಕೆ ಸೊಂಟಪಟ್ಟಿ ಕಿತ್ತು ಬಂದು, ಕೋಚ್ ಪ್ಯಾಂಟು ಮಂಡಿಯವರೆಗೆ ಇಳಿದಿದ್ದನ್ನು ಟೊಲಿಡೊ ಇಂದಿಗೂ ಮರೆತಿಲ್ಲ. ಅಂದಿನಿಂದ ಲೆನಿಯ ಹೆಂಡತಿ ಮಾರ್ಜಿ ಪ್ರತಿ ಸೀಸನ್ ಶುರುವಾಗುವ ಮೊದಲು ಕೋಚ್ ಪ್ಯಾಂಟುಗಳ ಹಿಂಬದಿಗೆ ದಪ್ಪ ಕ್ಯಾನ್ವಾಸಿನ ಹಿಡಿಕೆಯೊಂದನ್ನು ಹೊಲಿದುಕೊಡುತ್ತಾರೆ. "ಬೇರೆ ಹೆಂಗಸರ ಗಂಡಂದಿರು ಆಟ ನೋಡೋಕೆ ಹೋಗ್ತಾರೆ. ನನ್ ಗಂಡ ಇನ್ನೊಬ್ಬರ ಪ್ಯಾಂಟು ಹಿಡ್ಕೊಳೋಕೆ ಹೋಗ್ತಾನೆ. ಏನ್ ಪುಣ್ಯ ಮಾಡಿದ್ನೋ!" ಎಂದು ಮಾರ್ಜಿ ಆಡಿಕೊಳ್ಳುತ್ತಾರೆ.

ತಮಾಷೆಯ ಹಿಂದೆ ಒಂದು ಕಷ್ಟವಿದೆ. ಲೆನಿ ಆಟ ನೋಡುವಂತಿಲ್ಲ. ಚಿಕ್ಕಂದಿನಿಂದ ಈ ತಂಡದ ಹುಚ್ಚು ಹಿಡಿಸಿಕೊಂಡವರು, ಗಾಜಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪನ ಹೆಗಲ ಮೇಲೆ ಕೂತು ಪಂದ್ಯ ನೋಡಿದವರು, ಈಗ ಮೈದಾನದಿಂದ ಒಂದೇ ಹೆಜ್ಜೆ ದೂರದಲ್ಲಿ ನಿಂತು ಕೋಚ್ ಬೆನ್ನನ್ನೂ ಬಿಳಿ ಗೆರೆಯನ್ನೂ ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಕಣ್ಣು ಚೆಂಡಿನ ಕಡೆ ಹೋದರೆ ಕೈ ಸಡಿಲವಾಗುತ್ತದೆ. ಅದು ಅವರಿಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಒಂದು ಸಲ ಹಾಗೆ ಆಗಿಹೋಗಿದೆ.

ಡೆವಾನ್ ಮಾಬ್ರಿ ನಮ್ಮ ತಂಡದ ಓಟಗಾರ. ಎರಡು ವರ್ಷದ ಹಿಂದೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿ, ಮೆಟ್ಟಿಲು ಹತ್ತಲೂ ಆಗದೆ ಗೋಡೆ ಹಿಡಿದು ಅಳುತ್ತಿದ್ದ ಹುಡುಗ. ಇವನ ಕಥೆ ಮುಗಿಯಿತು ಎಂದು ಪತ್ರಿಕೆಗಳು ಬರೆದವು. ಲೆನಿ ಮಾತ್ರ ದಿನಾ ನಸುಕಿನಲ್ಲಿ ವ್ಯಾಯಾಮದ ಕೋಣೆಯ ಬಾಗಿಲು ತೆಗೆದು ಕಾಯುತ್ತಿದ್ದರು. ಮಂಡಿ ಮಡಿಸುವುದು, ಬಿಡಿಸುವುದು, ಮತ್ತೆ ಮಡಿಸುವುದು. "ಅಂಕಲ್ ಲೆನಿ, ಸಾಕು, ಸತ್ತೋಗ್ತೀನಿ" ಎಂದು ಮಾಬ್ರಿ ಕೂಗಿದರೆ, "ಸಾಯೋದಾದ್ರೆ ಇನ್ನೊಂದ್ಸಲ ಮಡಿಸಿ ಸಾಯಿ" ಎನ್ನುತ್ತಿದ್ದರು.

ಹೋದ ವರ್ಷದ ಕೊನೆಯ ಪಂದ್ಯ. ಗೆದ್ದರೆ ನಾಕೌಟ್ ಹಂತ, ಸೋತರೆ ಮನೆ. ಎರಡು ಅಂಕ ಹಿಂದಿದ್ದಾಗ ಚೆಂಡು ಮಾಬ್ರಿಯ ಕೈಗೆ ಸಿಕ್ಕಿತು. ಗುಣವಾದ ಮಂಡಿಯ ಮೊದಲ ದೊಡ್ಡ ಓಟ, ಅದೂ ಲೆನಿಯ ಮೂಗಿನ ಮುಂದೆಯೇ. ಲೆನಿ ತಲೆ ಎತ್ತಿದರು. ನೋಡಿಯೇಬಿಟ್ಟರು. ಕೈಯಲ್ಲಿದ್ದ ಹಿಡಿಕೆ ಜಾರಿದ್ದೇ ತಡ, ಪಿಕೆಟ್ ನುಗ್ಗಿ ತೀರ್ಪುಗಾರನನ್ನು ಕೆಡವಿದರು. ಹಳದಿ ಬಟ್ಟೆ ಬಿತ್ತು. ಗುರಿಗಂಬಕ್ಕೆ ಹತ್ತಿರವಾಗಿದ್ದ ತಂಡ ಹದಿನೈದು ಗಜ ಹಿಂದೆ ಸರಿಯಿತು. ಕಂಬಗಳ ನಡುವೆ ಚೆಂಡು ಒದ್ದು ದಾಟಿಸಿದ್ದರೆ ಮೂರು ಅಂಕ ಸಿಕ್ಕಿ ಗೆಲ್ಲುತ್ತಿದ್ದೆವು; ಅಷ್ಟು ದೂರದಿಂದ ಒದ್ದ ಚೆಂಡು ಕಂಬ ಮುಟ್ಟಲೇ ಇಲ್ಲ.

ಊರು ಪಿಕೆಟ್ ಅವರನ್ನು ಹುರಿದು ಮುಕ್ಕಿತು. ರೇಡಿಯೋದಲ್ಲಿ, ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಎಲ್ಲೆಲ್ಲೂ ಅದೇ ಮಾತು: ಮೈಮೇಲೆ ಹಿಡಿತವಿಲ್ಲದ ಮನುಷ್ಯನಿಗೆ ತಂಡ ಯಾಕೆ? ಪತ್ರಕರ್ತರು ಮುತ್ತಿಕೊಂಡಾಗ ಪಿಕೆಟ್ ಹೇಳಿದ್ದಿಷ್ಟೆ: "ಕಾಲು ನಂದು, ತಪ್ಪೂ ನಂದು. ಮುಂದಿನ ಪ್ರಶ್ನೆ ಕೇಳಿ."

ಲೆನಿ ಅವರ ಕೋಣೆಗೆ ಹೋಗಿ ತಲೆ ತಗ್ಗಿಸಿ ನಿಂತರು. "ಕೋಚ್, ಕೈ ಬಿಟ್ಟಿದ್ದು ನಾನು. ಎಲ್ರಿಗೂ ಹೇಳ್ಬಿಡಿ. ನಾನು ಕೆಲಸ ಬಿಡ್ತೀನಿ."

"ಯಾಕೋ ಬಿಟ್ಟೆ?"

"ಮಾಬ್ರಿ ಓಡ್ತಾ ಇದ್ದ. ನೋಡ್ಬಿಟ್ಟೆ."

"ಹೆಂಗಿತ್ತು ಓಟ?"

"ಬಹಳ ಚೆನ್ನಾಗಿತ್ತು, ಕೋಚ್."

"ಮತ್ತಿನ್ನೇನು, ಹೋಗು ಮಾರಾಯ. ನಾಳೆ ಬೆಳಿಗ್ಗೆ ಬಂದು ಆ ಹುಡುಗನ ಮಂಡಿ ನೋಡ್ಕೋ."

ಇದನ್ನು ಬರೆಯಲೇಬೇಕೆಂದು ಹಟ ಹಿಡಿದವರು ಲೆನಿಯೇ. "ಬರೀರಿ, ಮುಚ್ಚಿಡ್ಬೇಡಿ. ನಾನು ತಿನ್ಬೇಕಾದ ಬೈಗುಳನೆಲ್ಲ ಒಂದು ವರ್ಷ ಅವ್ರು ತಿಂದಿದ್ದಾರೆ. ಒಂದ್ಸಲಾನೂ ನನ್ನ ಹೆಸರು ಎತ್ತಲಿಲ್ಲ. ಸಾಯೋವರ್ಗೂ ಅವ್ರಿಗೆ ಋಣಿ ನಾನು" ಎನ್ನುವಾಗ ಪೊರಕೆ ಹಿಡಿದ ಕೈ ಸುಮ್ಮನೆ ನಿಂತುಬಿಡುತ್ತದೆ.

ಈ ಸಲದ ಸೀಸನ್ ಶುರುವಾದದ್ದೇ ಸಾಲು ಸೋಲುಗಳಿಂದ. ನಾಕೌಟ್ ಹಂತ ತಲುಪದಿದ್ದರೆ ಪಿಕೆಟ್ ಮನೆಗೆ ಎಂದು ತಂಡದ ಮಾಲೀಕರು ಬಹಿರಂಗವಾಗಿಯೇ ಹೇಳಿದರು. ಆಮೇಲೆ ಚೆಂಡು ಎಸೆಯುವ ಕೋಡಿ ಲಿಂಡ್‌ಹೋಮ್‌ನ ತೋಳು ಕುದುರಿತು, ಮಾಬ್ರಿಯ ಕಾಲು ಹಾರತೊಡಗಿತು, ಬಿದ್ದ ತಂಡ ಎದ್ದು ಕೂತಿತು. ಇವರಿಬ್ಬರ ಚಿತ್ರಗಳು ಬಸ್ಸುಗಳ ಮೇಲೆ ಬಂದಿವೆ. ಎಲ್ಲವೂ ಮತ್ತೆ ಕೊನೆಯ ಪಂದ್ಯಕ್ಕೆ ಬಂದು ನಿಂತಿದೆ, ಅದೇ ಇಂದಿನ ಪಂದ್ಯ. ಪಿಕೆಟ್ ಅವರ ಕೆಲಸ ಉಳಿಯುವುದೂ ಹೋಗುವುದೂ ಇದರ ಮೇಲೆ. ಅವರನ್ನು ಆ ಅಂಚಿಗೆ ತಂದು ನಿಲ್ಲಿಸಿದವನು ತಾನೇ ಎಂಬುದು ಲೆನಿಯ ಎದೆಯಲ್ಲಿ ಮುಳ್ಳಿನಂತೆ ಕೂತಿದೆ.

ಮಧ್ಯಾಹ್ನದ ಹೊತ್ತಿಗೆ ಕ್ರೀಡಾಂಗಣ ತುಂಬಿ ತುಳುಕುತ್ತಿದೆ. ಇಡೀ ಪಂದ್ಯ ಹಗ್ಗಜಗ್ಗಾಟ. ಗಡಿಯಾರದಲ್ಲಿ ಇನ್ನು ಅರ್ಧ ನಿಮಿಷವಷ್ಟೇ ಉಳಿದಿರುವಾಗ ಗ್ಲಾಸ್‌ಮೆನ್ ಒಂದೇ ಅಂಕ ಹಿಂದೆ. ಲಿಂಡ್‌ಹೋಮ್ ಚೆಂಡನ್ನು ಮಾಬ್ರಿಯ ಕೈಗಿಡುತ್ತಾನೆ. ಮಾಬ್ರಿ ಎರಡು ಹೆಜ್ಜೆ ಒಳಗೆ ಹೋದಂತೆ ಮಾಡಿ, ಚಕ್ಕನೆ ಹೊರಳಿ ಅಂಚಿಗೆ ಬರುತ್ತಾನೆ. ಮತ್ತೆ ಅದೇ ಅಂಚು, ನಮ್ಮವರು ನಿಂತಿರುವ ಅಂಚು.

"ಓಡೋ! ಓಡೋ ನನ್ನಪ್ಪಾ!" ಎಂದು ಪಿಕೆಟ್ ಮುಂದಕ್ಕೆ ಹಾರುತ್ತಾರೆ. ಲೆನಿ ಎರಡೂ ಕೈಯಿಂದ ಹಿಡಿಕೆಗೆ ಜೋತುಬೀಳುತ್ತಾರೆ.

"ಬಿಡೋ ಲೆನಿ!"

"ಬಿಡಲ್ಲ!"

"ಬಿಡೋ ಅಂದ್ರೆ, ಕತ್ತೆ!"

"ಬೈಕೊಳ್ಳಿ ಕೋಚ್, ಬಿಡಲ್ಲ!"

ಲೆನಿಯ ಹಿಮ್ಮಡಿಗಳು ಗುಡಿಸಿದ ನೆಲದ ಮೇಲೂ ಜಾರುತ್ತವೆ. ಅವರು ಹಣೆಯನ್ನು ಕೋಚ್ ಬೆನ್ನಿಗೆ ಒತ್ತಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮಾಬ್ರಿಯ ಕಾಲ್ಸಪ್ಪಳ ಪಕ್ಕದಲ್ಲೇ ಹಾದುಹೋಗುತ್ತದೆ. ಆ ಸಪ್ಪಳ ಅವರಿಗೆ ಗೊತ್ತು, ಮೊದಲ ಕುಂಟು ಹೆಜ್ಜೆಯಿಂದ ಕೇಳಿಕೊಂಡು ಬಂದದ್ದು. ಅದರ ಹಿಂದೆಯೇ ತೀರ್ಪುಗಾರನದು. ಜನ ಬೊಬ್ಬೆ ಹೊಡೆಯುತ್ತಾರೆ. ಲೆನಿ ಕಣ್ಣು ತೆರೆದವರೇ ನೆಲ ನೋಡುತ್ತಾರೆ. ಹಳದಿ ಬಟ್ಟೆ ಎಲ್ಲಿಯೂ ಬಿದ್ದಿಲ್ಲ.

ಹತ್ತಿರದಿಂದಲೇ ಚೆಂಡು ಒದೆಯುವ ಅವಕಾಶ. ಅದನ್ನೂ ಲೆನಿ ನೋಡುವುದಿಲ್ಲ. "ಅವ್ರ ಬೆನ್ನು ಹಲಗೆ ಹಂಗೆ ಸೆಟೆದಿತ್ತು. ಆಮೇಲೆ ಒಂದೇ ಸಲ ಸಡಿಲ ಆಯ್ತು ನೋಡಿ. ಸದ್ಯ, ಗೆದ್ವಿ ಅಂದ್ಕೊಂಡೆ."

ಪಿಕೆಟ್ ತಿರುಗಿ ಲೆನಿಯನ್ನು ಬಾಚಿ ತಬ್ಬಿಕೊಂಡು ನೆಲದಿಂದ ಮೇಲಕ್ಕೆತ್ತುತ್ತಾರೆ. "ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ ಕಣೋ" ಎನ್ನುತ್ತಾರೆ. ಮಾಬ್ರಿ ಓಡಿಬಂದು, "ಅಂಕಲ್ ಲೆನಿ, ನೋಡಿದ್ರಾ?" ಎಂದು ಕೇಳುತ್ತಾನೆ. ಇಲ್ಲವೆಂದು ತಿಳಿದಾಗ ಅವನ ಮುಖ ಸಣ್ಣದಾಗುತ್ತದೆ. "ಟೀವೀಲಿ ನೋಡ್ತೀನಿ ಬಿಡೋ. ಹೋಗು, ಮಂಡಿಗೆ ಐಸ್ ಇಟ್ಕೋ."

ಸೋಮವಾರ ಮಧ್ಯಾಹ್ನ. ಮಾರ್ಜಿ ಕೋಸಿನೆಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ್ದನ್ನು ಬಡಿಸಿ, ಗಂಡನನ್ನು ಟೀವಿ ಮುಂದೆ ಕೂರಿಸುತ್ತಾರೆ. ಮಾಬ್ರಿ ಹೊರಳುತ್ತಾನೆ, ಅಂಚಿಗೆ ಬರುತ್ತಾನೆ, ಹಿಡಿಯಲು ಮೇಲೆ ಹಾರಿದ ಇಬ್ಬರು ಎದುರಾಳಿಗಳನ್ನು ತಪ್ಪಿಸಿ ಚಿಮ್ಮುತ್ತಾನೆ. ಊರಿನ ಮಕ್ಕಳೆಲ್ಲ ಇವತ್ತು ಬೀದಿಯಲ್ಲಿ ಆಡಿ ತೋರಿಸುತ್ತಿರುವ ಓಟ ಅದು. ಮಾರ್ಜಿ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗುತ್ತಾರೆ. ಲೆನಿ ಮೇಜಿನ ಬಟ್ಟೆಯ ಅಂಚನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದು, ಪರದೆಯ ಮೂಲೆಯೊಂದನ್ನೇ ದಿಟ್ಟಿಸುತ್ತಿದ್ದಾರೆ.

"ಈಗಲಾದ್ರೂ ನೋಡಿದ್ಯಾ?"

"ನೋಡ್ದೆ ಕಣೆ" ಎನ್ನುತ್ತಾರೆ ಲೆನಿ. ಮುಖವೆಲ್ಲ ನಗು. "ನಮ್ಮ ಕೋಚ್ ಒಂದು ಬೆರಳಷ್ಟೂ ಗೆರೆ ತುಳಿದಿಲ್ಲ."