ಏಳು ಮಂದಿಗೆ ಮಾಡಿದ ಅಡುಗೆ

ಹೋದ ತಿಂಗಳು ನಮ್ಮ ಬಚ್ಚಲುಮನೆಯ ನೀರಿನ ಪೈಪು ಸೀಳಿತ್ತು. ರಿಪೇರಿಗೆ ಬಂದವನು ಸಣ್ಣ ಡಬ್ಬಿಯೊಂದನ್ನು ತೆರೆದು ಅಂಟು ಹಚ್ಚತೊಡಗಿದ. ಅದರ ಘಾಟು ಅಡುಗೆಮನೆಯ ತನಕ ಬಂತು. ನನ್ನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ತೆಗೆಯಲು ಹೋದಳು. ನಾನು ಮಾತ್ರ ಅಲ್ಲಿಯೇ ನಿಂತುಬಿಟ್ಟೆ. ಪಂಕ್ಚರ್ ಅಂಟಿನ ವಾಸನೆಯೂ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ...

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಒಂದು ಸೈಕಲ್ ಅಂಗಡಿಯಿತ್ತು. ಅಂಗಡಿಯೆಂದರೆ ನಾಲ್ಕು ತಗಡು, ಕೆಳಗೆ ಹಾಸಿದ ಒಡಕು ಫರ್ಸಿಕಲ್ಲು, ಅಷ್ಟೆ. ಅಲ್ಲಿ ಕೂತಿರುತ್ತಿದ್ದವರನ್ನು ಊರೆಲ್ಲ ಚಾಚಾ ಎಂದು ಕರೆಯುತ್ತಿತ್ತು. ಪ್ರಾಯದಲ್ಲಿ ಅವರು ಫರ್ಸಿ ಪಾಲಿಶ್ ಮಾಡುವ ಯಂತ್ರದ ಮುಂದೆ ವರ್ಷಾನುಗಟ್ಟಲೆ ನಿಂತವರು. ಆ ಕಲ್ಲಿನ ಪುಡಿ ಅವರ ಎದೆಯಲ್ಲಿಯೇ ಉಳಿದಿತ್ತು. ಗಾಲಿಗೆ ಹತ್ತು ಸಲ ಗಾಳಿ ಹೊಡೆದರೆ ಹನ್ನೊಂದನೆಯದಕ್ಕೆ ಕೂತುಬಿಡುತ್ತಿದ್ದರು. ಆಗ ಅಂಗಿಯ ಕಿಸೆಯಿಂದ ಔಷಧಿಯ ಪಂಪು ತೆಗೆದು ಬಾಯಿಗಿಟ್ಟುಕೊಂಡು, "ನನ್ನ ಹತ್ರ ಎರಡು ಪಂಪ್ ಅವ ನೋಡ್ರಿ ಸಾಹೇಬ್ರ. ಒಂದು ಗಾಲಿಗೆ, ಒಂದು ಎದಿಗೆ" ಎಂದು ನಗುತ್ತಿದ್ದರು.

ನಾವು ಆರು ಮಂದಿ ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುತ್ತಿದ್ದೆವು. ನಾನು ಶಾಲೆಯ ಗುಮಾಸ್ತ. ಜೊತೆಗೆ ನಮ್ಮ ಡ್ರಿಲ್ ಮಾಸ್ತರರು, ಔಷಧಿ ಅಂಗಡಿಯ ಶರಣರು, ಇನ್ನು ಮೂವರು ಓಣಿಯವರು. ವಾಡಿಯ ತನಕ ಹೋಗಿ ಚಹಾ ಕುಡಿದು ತಿರುಗಿ ಬರುವುದು ನಮ್ಮ ಪದ್ಧತಿ. ಒಂದು ಸಂಜೆ ಚಾಚಾ ಅಂದರು, "ದಿನಾ ವಾಡಿ, ವಾಡಿ... ಏನದ ಅಲ್ಲಿ? ಸಿಮೆಂಟಿನ ಧೂಳು. ಚಿಂಚೋಳಿ ಕಾಡಿಗೆ ಹೋಗೂಣು ನಡೀರಿ. ಎರಡು ರಾತ್ರಿ ಡೇರೆ ಹಾಕೂಣು. ಏಳು ಮಂದಿ ಆಗ್ತೀವಿ."

ಏಳನೆಯವರು ತಾವೇ ಎಂದು ಬೇರೆ ಹೇಳಬೇಕಾಗಿರಲಿಲ್ಲ. ಮೊದಲು ಅವರು ವರ್ಷಕ್ಕೊಮ್ಮೆ ಚಂದಾಪುರದ ಅಕ್ಕನ ಮನೆಗೆ ಸೈಕಲ್ ಮೇಲೆಯೇ ಹೋಗುತ್ತಿದ್ದರು. ಎದೆ ಕೆಟ್ಟ ಮೇಲೆ ಅದು ನಿಂತಿತ್ತು. "ಈ ಥಂಡಿ ದಿನ ಹೋದ್ರ ನನ್ನ ಕಡಿಂದ ಮುಂದ ಆಗಂಗಿಲ್ರಿ. ಒಂದೇ ಒಂದ್ಸಲ ಅಕ್ಕನ ಬಾಗಿಲಿಗೆ ಸೈಕಲ್ ಗಂಟಿ ಬಾರಿಸ್ಕೋತ ಹೋಗಬೇಕು" ಎಂದಿದ್ದರು.

ಅಂದಿನಿಂದ ತಿಂಗಳೊಪ್ಪತ್ತು ದಿನಾ ಸಂಜೆ ಅದೇ ಮಾತು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಚಿತ್ತಾಪುರದಲ್ಲಿ ನಾಷ್ಟಾ, ಸೇಡಂ ಆಚೆ ಮೊದಲ ಡೇರೆ, ಯಾರ ಸೈಕಲ್ಲಿಗೆ ತಾಡಪತ್ರಿ, ಯಾರದಕ್ಕೆ ಪಾತ್ರೆ, ಅಕ್ಕಿ, ಬೆಂಕಿಪೆಟ್ಟಿಗೆ... ಮರುದಿನ ಮಧ್ಯಾಹ್ನದ ಊಟ ಚಂದಾಪುರದ ಅಕ್ಕನ ಮನೆಯಲ್ಲಿ ಎಂದು ಚಾಚಾ ಬರೆಸಿದರು. ಮಾಂಸ ಮುಟ್ಟದ ಶರಣರು ಸ್ವಲ್ಪ ಮುದುಡಿದ್ದನ್ನು ಅವರು ನೋಡಿದರು. "ಅಂಜಬ್ಯಾಡ್ರಿ ಶರಣರ. ನಿಮಗ ಬ್ಯಾರೆ ಬೋಗಾಣಿಯಾಗ ಅಡಿಗಿ ಮಾಡು ಅಂತ ಅಕ್ಕಗ ಫೋನ್ ಮಾಡ್ತೀನಿ" ಎಂದರು.

ಹೊರಡಲು ಹತ್ತು ದಿನವಿರುವಾಗ ಡ್ರಿಲ್ ಮಾಸ್ತರರು ನಮ್ಮನ್ನು ತಮ್ಮ ಮನೆಗೆ ಕರೆದರು. ಚಾಚಾಗೆ ಹೇಳಿರಲಿಲ್ಲ.

"ದಾರಿಯಾಗ ಆ ಮನಷ್ಯಾಗ ಏನರ ಆದ್ರ ಯಾರು ಜವಾಬ್ದಾರ್ರಿ?" ಎಂದು ಅವರು ಕೇಳಿದರು. ಶರಣರು ತಲೆ ತಗ್ಗಿಸಿ, "ಔಷಧಿ ಒಯ್ಯಾಂವ ನನ್ನ ಕಡಿಂದನೇ. ಖರೇ ಹೇಳ್ಬೇಕಂದ್ರ ಆಗೂ ಮಾತಲ್ಲ" ಎಂದರು. ಯಾರೂ ಎದುರಾಡಲಿಲ್ಲ. ಚಾಚಾಗೆ ತಿಳಿಸುವ ಕೆಲಸ ನೋಟ್‌ಬುಕ್ ಹಿಡಿದವನ ಪಾಲಿಗೆ ಬಂತು.

ನಿಜವನ್ನೇ ಹೇಳಬಹುದಿತ್ತು. ಹೇಳಿದ್ದರೆ ಜಗಳವಾಡುತ್ತಿದ್ದರು, ಬೈಯುತ್ತಿದ್ದರು, ಬಹುಶಃ ಆಮೇಲೆ ಒಪ್ಪುತ್ತಿದ್ದರು. ನಾನು ಹೋಗಿ, ಕಾಡಿನಲ್ಲಿ ಡೇರೆ ಹಾಕಲು ಅನುಮತಿ ಸಿಗಲಿಲ್ಲ, ಕಾರ್ಯಕ್ರಮ ರದ್ದಾಯಿತು ಎಂದೆ. ಅವರು ನಟ್ಟು ಬಿಗಿಯುತ್ತಿದ್ದ ಪಾನಾವನ್ನು ಕೆಳಗಿಟ್ಟು, "ಹಂಗೇನ್ರಿ..." ಎಂದರು, ಅಷ್ಟೆ.

ಆಮೇಲೆ ನಾವು ಮಾಡಿದ್ದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ. ದೂರದ ದಾರಿಗೆ ಹೊರಡುವ ಸೈಕಲ್ಲನ್ನು ಬೇರೆಯವರ ಕೈಗೆ ಕೊಟ್ಟು ನಮಗೆ ಗೊತ್ತೇ ಇರಲಿಲ್ಲ. ಹೀಗಾಗಿ ಒಬ್ಬರಿಗೊಬ್ಬರು ಹೇಳದೆ, ಆರೂ ಮಂದಿ ಅದೇ ವಾರ ಸೈಕಲ್ಲನ್ನು ಚಾಚಾ ಹತ್ತಿರವೇ ಒಯ್ದು ನಿಲ್ಲಿಸಿದೆವು! ನನ್ನದನ್ನು ತರಲು ಹೋದಾಗ ಆರೂ ಸಾಲಾಗಿ ನಿಂತಿದ್ದವು. ಎಣ್ಣೆ ಬಿಟ್ಟು, ಬ್ರೇಕ್ ಬಿಗಿದು, ಕ್ಯಾರಿಯರ್ ಗಟ್ಟಿ ಮಾಡಿ, ಪ್ರತಿಯೊಂದರ ಸೀಟಿನ ಕೆಳಗೂ ಪಂಕ್ಚರಿನ ಸಾಮಾನು ಕಟ್ಟಿದ್ದರು.

"ಶಾಲಿಗೆ ಹೋಗಿ ಬರಾಕ ಇಷ್ಟು ಗಟ್ಟಿ ಕ್ಯಾರಿಯರ್ ಯಾಕ್ರಿ ಸಾಹೇಬ್ರ?" ಎಂದರು. ನಗುತ್ತಲೇ ಕೇಳಿದರು. ನಾನು ದುಡ್ಡು ಎಣಿಸಿ ಕೊಟ್ಟು ಸೈಕಲ್ ತಳ್ಳಿಕೊಂಡು ಬಂದೆ.

ಹೊರಟ ದಿನ ನಸುಕಿನಲ್ಲಿ ಸ್ಟೇಷನ್ ರಸ್ತೆ ತಪ್ಪಿಸಿ ಹಿಂದಿನ ಓಣಿ ಹಿಡಿದೆವು. ಓಣಿಯ ತುದಿಯಲ್ಲಿ ತಿರುಗುವಾಗ ದೂರದಲ್ಲಿ ಅಂಗಡಿಯ ಬಲ್ಬು ಕಂಡಿತು. ತಗಡಿನ ಮುಂದೆ ಅವರ ಹಳೆಯ ಕರಿ ಸೈಕಲ್ ನಿಂತಿತ್ತು. ಕ್ಯಾರಿಯರಿನ ಮೇಲೆ ಹಾಸಿಗೆಯ ಸುರುಳಿ ಕಟ್ಟಿತ್ತು. ಆರೂ ಮಂದಿ ನೋಡಿದೆವು. ಆರೂ ಮಂದಿ ಮುಂದೆ ತುಳಿದೆವು.

ಮರುದಿನ ಮಧ್ಯಾಹ್ನ ಚಂದಾಪುರ ದಾಟಿಬಿಡುವ ಅವಸರದಲ್ಲಿದ್ದೆವು. ರಸ್ತೆಯ ಬದಿಗೆ ಮುದುಕಿಯೊಬ್ಬಳು ಕೈ ಅಡ್ಡ ಹಿಡಿದು ನಿಂತಳು.

"ಶಹಾಬಾದದ ಸೈಕಲ್ ಮಂದಿ ನೀವೇ ಏನ್ರಿ? ಮುಂಜಾನಿಂದ ನಿಂತೀನಿ. ಬರ್ರಿ, ಬರ್ರಿ. ನನ್ನ ತಮ್ಮ ಎಲ್ಲಿ?"

ಉಳಿದವರೆಲ್ಲ ನನ್ನ ಕಡೆ ನೋಡಿದರು. "ಹಿಂದ ಬರಾಕತ್ತಾರ್ರಿ" ಎಂದುಬಿಟ್ಟೆ.

"ಅಂವ ಮೊದಲಿಂದ ಹಂಗೇರಿ! ದಾರಿಯಾಗ ಯಾರದರ ಸೈಕಲ್ ಕೆಟ್ಟು ನಿಂತಿದ್ರ ಸಾಕು, ಇಳಿದು ಪಾನಾ ತಗೀತಾನ. ಕುಂದ್ರಿ ನೀವು, ಉಣ್ರಿ."

ಪಡಸಾಲೆಯಲ್ಲಿ ಏಳು ತಾಟು ಇಟ್ಟಿದ್ದರು. ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಅನ್ನ, ಬೇಳೆ. ಶರಣರಿಗೆ ಸಂಶಯ ಬರಬಾರದೆಂದು ಹೊಸ ಬೋಗಾಣಿಯನ್ನು ಎತ್ತಿ, ಅದರ ತಳಕ್ಕೆ ಅಂಟಿದ್ದ ಅಂಗಡಿಯ ಚೀಟಿಯನ್ನೇ ತೋರಿಸಿದರು. ಶರಣರು ತುತ್ತು ಬಾಯಿಗಿಟ್ಟುಕೊಂಡು ಬಹಳ ಹೊತ್ತು ನುಂಗಲಿಲ್ಲ. ನೀವೂ ಉಣ್ಣಿರಿ ಎಂದರೆ ಅಕ್ಕ ಕೇಳಲಿಲ್ಲ. "ತಮ್ಮ ಬರ್ಲಿ, ಅವನ ಜೋಡಿ ಉಣ್ತೀನಿ" ಎಂದು ಏಳನೆಯ ತಾಟಿಗೆ ಇನ್ನೊಂದು ತಾಟು ಮುಚ್ಚಿಟ್ಟರು. ನಾವು ಕಾಡಿನ ಕಡೆ ಹೊರಟಾಗಲೂ ಅವರು ರಸ್ತೆಯಲ್ಲೇ ನಿಂತಿದ್ದರು, ನಾವು ಬಂದ ದಿಕ್ಕಿನ ಕಡೆ ನೋಡುತ್ತ...

ಊರಿಗೆ ತಿರುಗಿ ಬಂದ ನಾಲ್ಕು ದಿನದ ಮೇಲೆ ಚಾಚಾನ ಮುಂದೆ ಹೋಗಿ ನಿಂತೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಟ್ಯೂಬ್ ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ತಲೆ ಎತ್ತದೆ ಒಂದೇ ಮಾತು ಕೇಳಿದರು.

"ಅಕ್ಕ ಊಟ ಮಾಡಿದ್ಲೇನ್ರಿ?"

"ಮಾಡಿದ್ರು" ಎಂದೆ.

ಮಳೆಗಾಲ ಹಿಡಿಯುವುದರೊಳಗೆ ಅವರು ತೀರಿಕೊಂಡರು. ಮಣ್ಣಿಗೆ ಅಕ್ಕ ಬಂದಿದ್ದರು. ನಾನು ಮಂದಿಯ ಹಿಂದೆ ಮರೆಯಾಗಿ ನಿಂತೆ. ಆಮೇಲೆ ಏಳೆಂಟು ವರ್ಷ ಚಂದಾಪುರದ ಕಡೆ ಹೆಜ್ಜೆಯಿಡಲಿಲ್ಲ.

ಪೈಪು ರಿಪೇರಿಯಾದ ಮರುದಿನ ಬಸ್ಸು ಹತ್ತಿದೆ. ಎಲ್ಲ ಹೇಳಿಬಿಡಬೇಕು, ಬೈದರೆ ಬೈಸಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಕ್ಕ ಇದ್ದರು. ಕಣ್ಣು ಮಂಜಾಗಿತ್ತು. ಹೆಸರು, ಊರು ಹೇಳಿದ ಮೇಲೆ ಗುರುತು ಹಿಡಿದು ನನ್ನ ಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು.

"ಅವತ್ತು ನೀವು ಉಂಡು ಹ್ವಾದ ಮ್ಯಾಲ ಸಂಜಿಮುಂದ ತಮ್ಮ ಫೋನ್ ಮಾಡಿದ್ದ. ನಿಮ್ಮ ಜೋಡಿ ಚಿತ್ತಾಪುರ ತನಕ ಬಂದಿದ್ನಂತ. ಅಲ್ಲಿ ಉಸಿರು ಹತ್ತಿತಂತ. ನೀವು ಆರೂ ಮಂದಿ ಸೈಕಲ್ ಇಳಿದು ನಿಂತ್ರಂತ, ಅವನ್ನ ಬಿಟ್ಟು ಹೋಗಂಗಿಲ್ಲ ಅಂದ್ರಂತ. ಅಂವನೇ ಆಣಿ ಹಾಕಿ ನಿಮ್ಮನ್ನ ಮುಂದ ಕಳಿಸಿದ್ನಂತ. ನನಗ ಚಿಂತಿ ಆಗಬಾರದಂತ ನೀವು ಹಿಂದ ಬರಾಕತ್ತಾನ ಅಂದ್ರಿ. ಹೌದಲ್ರಿ?"

ಅವರ ಮಂಜುಗಣ್ಣು ನನ್ನ ಮುಖದ ಮೇಲೆಯೇ ಇತ್ತು. ಅವರ ತಮ್ಮ ಆ ದಿನ ಅಂಗಡಿಯ ಮುಂದಿನಿಂದ ಒಂದು ಹೆಜ್ಜೆ ಕದಲಿರಲಿಲ್ಲ. ನಿಜ ಹೇಳಿದರೆ ನನ್ನ ಎದೆ ಹಗುರಾಗುತ್ತಿತ್ತು. ಚಿತ್ತಾಪುರದ ತನಕ ಬಂದಿದ್ದ ತಮ್ಮ ಆಕೆಗೆ ಇಲ್ಲವಾಗುತ್ತಿದ್ದ.

"ಹೌದ್ರಿ ಅಕ್ಕಾರ" ಎಂದೆ.

ಅವರು ಕೈ ಬಿಡಲಿಲ್ಲ. ಚಿತ್ತಾಪುರದಲ್ಲಿ ಯಾವ ಗಿಡದ ಕೆಳಗೆ ಕೂತಿದ್ದ, ನೀರು ಕುಡಿದನೇ ಎಂದು ಕೇಳತೊಡಗಿದರು. ನಾನು ಒಂದೊಂದಾಗಿ ಹೇಳುತ್ತ ಹೋದೆ.