ಹಣ್ಣಾಗದ ಪೊರೆ

ದಂಡೋತಿಯಲ್ಲಿ ಯಾರಿಗಾದರೂ ಕಣ್ಣು ಮಂಜಾದರೆ ಅವರು ಮೊದಲು ಹೋಗುತ್ತಿದ್ದುದು ದವಾಖಾನೆಗಲ್ಲ, ನೀಲಾಬಾಯಿಯ ಮನೆಗೆ. ಅವಳು ಗೂಡಿನಲ್ಲಿಟ್ಟ ಬ್ಯಾಟರಿ ತೆಗೆದು, ಸೆರಗಿನಿಂದ ಅದರ ಗಾಜು ಒರೆಸಿ, ಬಂದವರನ್ನು ಬಾಗಿಲ ಒಳಗಿನ ನೆರಳಿಗೆ ಕೂರಿಸಿ, ಹೆಬ್ಬೆರಳಿನಿಂದ ರೆಪ್ಪೆ ಎತ್ತಿ ಬೆಳಕು ಬಿಡುತ್ತಿದ್ದಳು. ಆಮೇಲೆ ಅವಳದು ಎರಡೇ ಮಾತು. ಒಂದೋ, "ಪೊರಿ ಹಣ್ಣಾಗ್ಯದ, ಆಪರೇಷನ್‌ಗಿ ನಡಿ." ಇಲ್ಲವೇ, "ಇನ್ನಾ ಕಾಯಿ ಅದ, ತಡಿ." ಈ ಎರಡು ಮಾತಿನ ಮೇಲೆ ಊರು ಮೂವತ್ತು ವರ್ಷ ನಡೆಯಿತು.

ಆ ಬ್ಯಾಟರಿ ಅವಳ ಕೈಗೆ ಬಂದದ್ದು ಶಹಾಬಾದಿನಲ್ಲಿ. ಗಂಡ ವಿಠೋಬಾ ಅಲ್ಲಿ ಫರಸಿ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದ. ಒಂದು ದಿನ ಸುತ್ತಿಗೆ ಏಟಿಗೆ ಚಕ್ಕೆ ಸಿಡಿದು ಅವನ ಎಡಗಣ್ಣಿಗೆ ಬಡಿಯಿತು. ಎದೆಹಾಲು ಹಾಕಿದರೆ ತಂಪಾಗುತ್ತದೆ ಎಂದು ಪಕ್ಕದ ಗುಡಿಸಲಿನವರು ಹೇಳಿದರು. ಎರಡು ದಿನ ಅದೇ ಆಯಿತು. ಮೂರನೆಯ ದಿನ ಶಾಲೆಯಲ್ಲಿ ಕಣ್ಣಿನ ಶಿಬಿರ ಬಂದಿದೆ ಎಂದು ತಿಳಿದು ನೀಲಾಬಾಯಿ ಮಗಳನ್ನು ಸೊಂಟಕ್ಕೇರಿಸಿಕೊಂಡು, ಗಂಡನ ಕೈ ಹಿಡಿದು ಹೋದಳು. ದಪ್ಪ ಮೀಸೆಯ ಡಾಕ್ಟರು ನೋಡಿ, ಆ ಕಣ್ಣು ಹೋಯಿತು, ಇನ್ನೊಂದನ್ನು ಜೋಪಾನ ಮಾಡು ಎಂದರು. ನೀಲಾಬಾಯಿ ಅಲ್ಲೇ ಕುಸಿದು ಕೂತಳು. ಎದುರಿಗೆ ನೆಲದ ಮೇಲೆ ಸಾಲಾಗಿ ಮಲಗಿದ್ದ ಮುದುಕಿಯರಲ್ಲಿ ಒಬ್ಬಳು, ಎರಡೂ ಕಣ್ಣಿಗೆ ಪಟ್ಟಿ, ನೀರಿನ ತಂಬಿಗೆಗಾಗಿ ಕೈ ಆಡಿಸುತ್ತಿದ್ದಳು. ತಂಬಿಗೆ ಅವಳ ಕೈಗೆ ಒಂದು ಗೇಣು ದೂರ. ನೀಲಾಬಾಯಿ ಎದ್ದು ನೀರು ಕುಡಿಸಿದಳು. ಕುಡಿಸಿ ಬರಬೇಕಾದವಳು ನಾಲ್ಕು ದಿನ ಅಲ್ಲೇ ಉಳಿದಳು.

ಅಂದಿನಿಂದ ಪ್ರತಿ ಚಳಿಗಾಲಕ್ಕೆ ಶಿಬಿರದ ಜೀಪು ಅವಳಿಗಾಗಿ ನಿಲ್ಲುತ್ತಿತ್ತು. ಸೇಡಂ, ವಾಡಿ, ಚಿಂಚೋಳಿ ಎಂದು ತಿರುಗಿದಳು. ಶಾಲೆಯ ಕೋಣೆಗಳಿಗೆ ಫಿನೈಲ್ ಹಾಕಿ ತೊಳೆದಳು, ಹಸಿರು ಬಟ್ಟೆ ಕುದಿಸಿದಳು, ಆಪರೇಷನ್ ಆದವರನ್ನು ಕೈ ಹಿಡಿದು ಪಾಯಖಾನೆಗೆ ಕರೆದೊಯ್ದಳು. ಚಂದ್ರಂಪಳ್ಳಿ ಕಡೆಯ ಒಬ್ಬಳು ಪಟ್ಟಿ ಬಿಚ್ಚಿದ ದಿನ ಮೊದಲು ನೋಡಿದ್ದು ತನ್ನ ಕೈಯನ್ನೇ. ಹಿಂದೆ ಮುಂದೆ ತಿರುಗಿಸಿ ನೋಡಿ, "ಯವ್ವಾ, ಇಷ್ಟ ಮುದುಕಿ ಆಗೀನೇನ್ ನಾ?" ಎಂದಳು. ಕೋಣೆಗೆ ಕೋಣೆಯೇ ನಕ್ಕಿತ್ತು. ನೀಲಾಬಾಯಿ ಮುಪ್ಪಿನಲ್ಲೂ ಆ ಮಾತು ನೆನೆದು ನಗುತ್ತಿದ್ದಳು.

ವರ್ಷಕ್ಕೊಂದು ಶಿಬಿರ, ನೂರು ಜನಕ್ಕಷ್ಟೇ ಆಪರೇಷನ್. ಬರುವವರು ಐನೂರು. ಅದಕ್ಕೇ ಡಾಕ್ಟರು ಅವಳಿಗೆ ಬ್ಯಾಟರಿ ಕೊಟ್ಟು ಕಲಿಸಿದರು. ಪಾಪೆ ಹಾಲಿನ ಹಾಗೆ ಬೆಳ್ಳಗಿದ್ದರೆ ಪೊರೆ ಹಣ್ಣಾಗಿದೆ, ಕರೆದುಕೊಂಡು ಬಾ; ಬೂದಿ ಬಣ್ಣ ಇದ್ದರೆ ಕಾಯಿ, ಮುಂದಿನ ವರ್ಷ ಎನ್ನು. ಆ ಕಾಲಕ್ಕೆ ಆ ಮಾತು ಸರಿಯೇ ಇತ್ತು.

ಆಮೇಲೆ ಶಾಲೆಗಳಲ್ಲಿ ಆಪರೇಷನ್ ಮಾಡುವುದು ನಿಂತುಹೋಯಿತು. ವಿಠೋಬಾ ಎದೆಯಲ್ಲಿ ಕಲ್ಲಿನ ಧೂಳು ಕೂತು ತೀರಿಕೊಂಡ. ನೀಲಾಬಾಯಿ ಮಗಳನ್ನು ಕುರಕುಂಟಾಕ್ಕೆ ಕೊಟ್ಟು, ಗಂಡನ ಊರಾದ ದಂಡೋತಿಗೆ ಬಂದಳು. ಅದೇ ಊರಿಗೆ ಕೊಟ್ಟಿದ್ದ ನಾದಿನಿ ದ್ರೌಪದಿಯ ಮನೆ ಎದುರಿಗೇ. ಡಾಕ್ಟರು ಹೋದರು, ಶಿಬಿರ ಹೋಯಿತು. ಬ್ಯಾಟರಿ ಮಾತ್ರ ಉಳಿಯಿತು. ಮೂರು ಸಲ ಬಲ್ಬು ಬದಲಾಯಿತು, ಅವಳ ಎರಡು ಮಾತು ಬದಲಾಗಲಿಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನೀಲಾಬಾಯಿಯ ಓಣಿ ಬುದ್ಧವಿಹಾರದ ಹಿಂದೆ. ಆ ಓಣಿಯವರು ಮೇಲಿನ ಓಣಿಗೆ ಹೋದರೆ ಅಂಗಳದಲ್ಲೇ ನಿಂತು ಕೆಲಸದ ಮಾತಾಡಿ ಹಿಂದಿರುಗುವವರು. ಆದರೆ ಅಲ್ಲಿನ ಕಿರಾಣಿ ಅಂಗಡಿಯ ವಿಮಲಾಬಾಯಿ ಕಣ್ಣು ತೋರಿಸಲು ಕಟ್ಟೆಯ ತುದಿಗೆ ಬಂದು, ಕೆಳಗೆ ನಿಂತ ನೀಲಾಬಾಯಿಯ ಕೈಗೆ ಮುಖ ಬಗ್ಗಿಸಿ ಕೊಡುತ್ತಿದ್ದಳು. ಮೊದಲ ವರ್ಷ ಹಾಗೆ. ಮುಂದೆ, "ಕೆಳಗ್ಯಾಕ ನಿಂತಿ, ಮ್ಯಾಲ ಬಾ, ನನ್ನ ಕುತ್ತಿಗಿ ನೋಯ್ತದ" ಎಂದು ಕಟ್ಟೆಯ ಮೇಲೆ ಕರೆದಳು. ಬಾಗಿಲ ಮೇಲಿನ ಬಸವಣ್ಣನ ಪಟದ ಕೆಳಗೆ ನೀಲಾಬಾಯಿ ಕೂತು ಚಹಾ ಕುಡಿದದ್ದನ್ನು ಅವಳ ಓಣಿಯ ಹೆಂಗಸರು ದಿನವೆಲ್ಲ ಆಡಿಕೊಂಡರು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ದ್ರೌಪದಿ.

ಆ ದ್ರೌಪದಿಗೇ ಮೂರು ವರ್ಷದ ಹಿಂದೆ ಕಣ್ಣಿನ ತ್ರಾಸು ಶುರುವಾಯಿತು.

"ವೈನಿ, ಬಲ್ಬಿನ ಸುತ್ತ ಬಣ್ಣದ ಬಳಿ ಹಾಕ್ದಂಗ ಕಾಣ್ಲಿಕತ್ತದ" ಎಂದು ಅತ್ತಿಗೆಗೆ ಹೇಳಿದಳು.

"ಬಳಿ ಕಂಡ್ರ ಚಲೋನೇ ಆಯ್ತಲ್ಲ, ಪುಕ್ಕಟ ಬಳಿ" ಎಂದು ನೀಲಾಬಾಯಿ ನಕ್ಕಳು. ಬ್ಯಾಟರಿ ಹಿಡಿದಳು. ಪಾಪೆ ಬೂದಿ ಬಣ್ಣಕ್ಕಿತ್ತು, ಒಂಚೂರು ಹಸಿರು. "ಕಾಯಿ ಅದ. ತಡಿ."

ಮರುವರ್ಷ ದ್ರೌಪದಿ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳತೊಡಗಿದಳು. ಪಕ್ಕದಲ್ಲಿಟ್ಟ ಕೊಡ ಎಡವಿದಳು. ತಲೆಶೂಲೆ ಎಂದು ಹಣೆಗೆ ಬಟ್ಟೆ ಬಿಗಿದಳು. ನೀಲಾಬಾಯಿ ಮತ್ತೆ ನೋಡಿದಳು. ಮತ್ತೆ ಬೂದಿ. ದ್ರೌಪದಿಯ ಸೊಸೆ ಒಮ್ಮೆ, ಅತ್ತೆಯನ್ನು ಚಿತ್ತಾಪುರದ ದವಾಖಾನೆಗೆ ತೋರಿಸಿ ತರಲೇ ಎಂದು ಕೇಳಿದ್ದಳು. ದ್ರೌಪದಿಯೇ, "ನಮ್ಮ ವೈನಿಗಿಂತ ದೊಡ್ಡ ಡಾಕ್ಟರ್ ಯಾರದಾರ?" ಎಂದು ಅವಳ ಬಾಯಿ ಮುಚ್ಚಿಸಿದಳು.

ಈ ವರ್ಷ ಊರಿಗೆ ಕಣ್ಣಿನ ಗಾಡಿ ಬಂತು. ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಹಳ್ಳಿಗಳಿಗೆಲ್ಲ ಸುತ್ತುವ ಸರ್ಕಾರಿ ಗಾಡಿ. ಇನ್ನು ತಿಂಗಳಿಗೊಮ್ಮೆ ಬರುತ್ತದೆ, ಆಪರೇಷನ್ ಬೇಕಾದವರನ್ನು ಕಲಬುರಗಿಗೆ ಕರೆದೊಯ್ದು ಮರಳಿ ತಂದು ಬಿಡುತ್ತದೆ ಎಂದು ಹೇಳಿದರು. ಜನರನ್ನು ಕೂಡಿಸುವ ಕೆಲಸ ನೀಲಾಬಾಯಿಗೇ ಬಂತು. ಅವಳು ಇದ್ದುದರಲ್ಲಿ ಹೊಸ ಸೀರೆ ಉಟ್ಟು, ಹಾಲಿನ ಬಣ್ಣದ ಪಾಪೆಯ ನಾಲ್ವರನ್ನು ಆರಿಸಿ ಕರೆತಂದಳು. ಗಾಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು ಮುಬೀನ, ಚಿಂಚೋಳಿಯ ಹುಡುಗಿ.

"ಇಷ್ಟ ದೊಡ್ಡ ಊರಿಗಿ ನಾಕೇ ಮಂದೀನಾ, ಅವ್ವಾ?"

"ಹಣ್ಣಾದವ್ರು ಇಷ್ಟೇ ನೋಡವ್ವ. ಉಳದವ್ರದು ಇನ್ನಾ ಕಾಯಿ ಅದ. ನಾನೇ ನೋಡೀನಿ." ನೀಲಾಬಾಯಿ ಸೊಂಟದಿಂದ ಬ್ಯಾಟರಿ ತೆಗೆದು ತೋರಿಸಿದಳು.

ಮುಬೀನ ನಗಲಿಲ್ಲ. ನಕ್ಕಿದ್ದರೆ ನೀಲಾಬಾಯಿಗೆ ಸಿಟ್ಟಾದರೂ ಬರುತ್ತಿತ್ತು.

"ಆ ಜಮಾನಾ ಹೋಯ್ತು ಅವ್ವಾ. ಈಗ ಹಣ್ಣಾಗಲಿ ಅಂತ ಯಾರೂ ಕಾಯಂಗಿಲ್ಲ. ನೋಡಾಕ ತ್ರಾಸ್ ಆಗ್ಲಿಕತ್ತದ ಅಂದ್ರ ಸಾಕು, ತೆಗೀತಾರ. ಮತ್ತ ಬ್ಯಾಟರಿಗಿ ಗೊತ್ತಾಗಲಾರದ ಬ್ಯಾರೆ ರೋಗನೂ ಅವ. ಊರಾಗ ಯಾರಿಗರ ದೀಪದ ಸುತ್ತ ಬಣ್ಣದ ಬಳಿ ಕಾಣ್ತಾವೇನು? ಬಾಜೂಕ ಇದ್ದದ್ದು ಕಾಣಲಾರ್ದೆ ಎಡವ್ತಾರೇನು?"

ನೀಲಾಬಾಯಿ ಗಾಡಿಯ ಮೆಟ್ಟಿಲಿಳಿದು, ಅರವತ್ತೆಂಟರ ವಯಸ್ಸಿನಲ್ಲಿ, ಸೆರಗು ಜಾರಿದ್ದನ್ನೂ ನೋಡದೆ ಓಡಿದಳು. ದ್ರೌಪದಿ ತೊಗರಿ ಕೇರುತ್ತಿದ್ದಳು. ಮೊರ ಕಸಿದಿಟ್ಟು ಅವಳನ್ನು ಎಳೆದುಕೊಂಡು ಬಂದಳು.

ಮುಬೀನ ಕಣ್ಣಿಗೆ ಸಣ್ಣ ಯಂತ್ರ ಮುಟ್ಟಿಸಿದಳು. ಮತ್ತೊಮ್ಮೆ ಮುಟ್ಟಿಸಿದಳು. ಒಂದು ಕಣ್ಣು ಮುಚ್ಚಿಸಿ, ಬೆರಳನ್ನು ಬದಿಯಿಂದ ತಂದಳು. ಇದು ಪೊರೆಯಲ್ಲ, ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುವ ರೋಗ ಎಂದು ಬಿಡಿಸಿ ಹೇಳಿದಳು. ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿಗೆ ಕೊಳವೆಯಲ್ಲಿ ನೋಡಿದಷ್ಟು ಮಾತ್ರ ಉಳಿದಿದೆ. ಹೋದದ್ದು ಬರುವುದಿಲ್ಲ. ಕಲಬುರಗಿಯ ಡಾಕ್ಟರಿಗೆ ತೋರಿಸಿ, ಜೀವ ಇರುವ ತನಕ ದಿನಾ ಹನಿ ಹಾಕಿದರೆ ಉಳಿದದ್ದು ಉಳಿಯಬಹುದು.

"ಮೂರ್ ವರ್ಷ ಆಯ್ತು ಅಂತೀರಿ. ಯಾಕ ಯಾರಿಗೂ ತೋರ್ಸಿಲ್ಲ? ಯಾರ್ ತಡಿ ಅಂದ್ರು?"

ನೀಲಾಬಾಯಿ ಬಾಗಿಲ ಹತ್ತಿರ ನಿಂತಿದ್ದಳು. ದ್ರೌಪದಿ ಮುಖ ತಿರುಗಿಸಿ, ಕೊಳವೆಯಷ್ಟು ಕಣ್ಣಲ್ಲಿ ಅವಳನ್ನು ಹುಡುಕಿದಳು. ಸಿಕ್ಕಳೋ ಇಲ್ಲವೋ.

"ಯಾರೂ ಅಂದಿಲ್ಲವ್ವ. ನಂದೇ ಆಲಸ್ಯ" ಎಂದಳು.

ನೀಲಾಬಾಯಿ ಬ್ಯಾಟರಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಗಾಡಿ ಹೋದ ಮೇಲೆ ಮೂರು ದಿನ ಅವಳು ಒಲೆ ಹಚ್ಚಲಿಲ್ಲ. ನಾಲ್ಕನೆಯ ದಿನ ಎದುರುಮನೆಗೆ ಹೋಗಿ ಕೂತಳು.

"ಸುಳ್ಳ ಯಾಕ ಹೇಳಿದಿ?"

"ಖರೇ ಹೇಳಿದ್ರ ನನ್ನ ಕಣ್ಣ ತಿರುಗಿ ಬರ್ತಾವೇನು?" ಎಂದಳು ದ್ರೌಪದಿ. "ನಮ್ಮ ಓಣ್ಯಾಗಿಂದ ಮ್ಯಾಲಿನ ಓಣಿ ಕಟ್ಟಿ ಏರಿದಾಕಿ ನೀ ಒಬ್ಬಾಕಿ. ನಂದಂತೂ ಹೋಯ್ತು, ನಿಂದ್ಯಾಕ ಹೋಗ್ಬೇಕು? ಸುಮ್ಕ ಕುಂದ್ರು."

ಸುಮ್ಮನೆ ಕೂರುವುದಾದರೆ ಕೂರಬಹುದಿತ್ತು. ಆದರೆ ನೀಲಾಬಾಯಿಗೆ ನೆನಪು ಬಲು ಗಟ್ಟಿ. ತಡಿ ಎಂದು ಕಳಿಸಿದವರ ಮುಖಗಳು ಒಂದೊಂದಾಗಿ ಎದ್ದು ಬಂದವು. ಬೆರಳು ಮಡಚಿದಳು. ಇನ್ನೂ ಕಾಯುತ್ತಿರುವವರು ಹನ್ನೊಂದು ಮಂದಿ. ಅವರಲ್ಲಿ ಯಾರ ಕಣ್ಣಲ್ಲಿ ಪೊರೆಯಿದೆ, ಯಾರ ಕಣ್ಣಲ್ಲಿ ದ್ರೌಪದಿಯ ರೋಗವಿದೆ, ತನ್ನ ಬ್ಯಾಟರಿಗೆ ಗೊತ್ತಿಲ್ಲ. ತಾನು ಬಾಯಿ ಬಿಡದಿದ್ದರೆ ಅವರು ಕಾಯುತ್ತಲೇ ಇರುತ್ತಾರೆ. ಬಿಟ್ಟರೆ ಈ ಊರಿನಲ್ಲಿ ತನ್ನ ಮಾತು ಮುಗಿಯಿತು.

ಎಲ್ಲಕ್ಕಿಂತ ಕಷ್ಟದ ಮನೆಗೇ ಮೊದಲು ಹೋದಳು. ವಿಮಲಾಬಾಯಿ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಮಗ ಅಶೋಕಕುಮಾರ ಅಂಗಡಿಯಲ್ಲಿ ತೂಕ ಹಾಕುತ್ತಿದ್ದ.

"ಬಾ ನೀಲಾ, ಮ್ಯಾಲ ಬಾ."

ನೀಲಾಬಾಯಿ ಕೆಳಗೇ ನಿಂತಳು. "ಅಕ್ಕಾರ, ಕಾಯಿ ಅದ, ತಡೀರಿ ಅಂದಿದ್ನಲ್ಲ, ಅದು ತಪ್ಪಾಯ್ತು. ಹಣ್ಣಾಗೋದು ಕಾಯಬ್ಯಾಡ್ರಿ. ಗಾಡಿ ಬಂದಾಗ ತೋರ್ಸ್ರಿ. ನನ್ನ ಮಾತ್ ಕೇಳಿ ದ್ರೌಪದಿ ಒಂದ್ ಕಣ್ಣ ಕಳ್ಕೊಂಡಾಳ."

ಅಂಗಡಿಯಿಂದ ಅಶೋಕಕುಮಾರ ತಾಯಿಯ ಕಡೆ ನೋಡಿ ನಕ್ಕ. "ಏನವ್ವಾ, ನಿನ್ನ ಡಾಕ್ಟರ್‌ಬಾಯಿದು ಸರ್ಟಿಫಿಕೇಟ್ ಕ್ಯಾನ್ಸಲ್ ಆಯ್ತೇನು?"

ವಿಮಲಾಬಾಯಿ ನಗಲಿಲ್ಲ. ಬಾಯಲ್ಲಿದ್ದುದನ್ನು ಉಗುಳಿ ಬಂದು ನಿಂತಳು.

"ನಮ್ಮ ಅತ್ತಿಗೂ ಕಾಯಿ ಅಂದಿದ್ದಿ."

"ಹೌದ್ರಿ."

"ಎರಡ್ ವರ್ಷ ಕಾದ್ಲು. ಮೊಮ್ಮಗನ್ನ ತೊಡಿ ಮ್ಯಾಲ ಹಾಕ್ಕೊಂಡು ಮೂಗ ಸವರ್ತಿದ್ಲು, ಯಾರಂಗ ಅದ, ಯಾರಂಗ ಅದ ಅಂತ. ಮಾರಿ ನೋಡ್ಲಾರ್ದೇ ಹೋದ್ಲು." ಕಟ್ಟೆಯ ಅಂಚಿನಿಂದ ಹಿಂದೆ ಸರಿದಳು. "ನಡಿ ನೀಲಾ. ಈಗ ಮಾತ್ ಬ್ಯಾಡ."

ಅವತ್ತು ಚಹಾ ಬರಲಿಲ್ಲ. ನೀಲಾಬಾಯಿ ಆ ಕಟ್ಟೆಯನ್ನು ಮತ್ತೆ ಏರಿದ್ದೂ ಇಲ್ಲ.

ಉಳಿದ ಹತ್ತು ಮನೆಗಳನ್ನು ಎರಡು ದಿನದಲ್ಲಿ ಮುಗಿಸಿದಳು. ಒಬ್ಬಳು ಕೈ ಹಿಡಿದು ಅತ್ತಳು. ಇಬ್ಬರು ಬೈದರು. ಒಂದು ಮನೆಯವರು ಬಾಗಿಲಲ್ಲೇ ಕೇಳಿಸಿಕೊಂಡು ಒಳಗೆ ಹೋದರು. ಆದರೆ ಅವಳನ್ನು ಹೆಚ್ಚು ಕಾಡಿದವನು ಕುರಿ ಕಾಯುವ ಸಿದ್ಧಲಿಂಗ. ಎಷ್ಟು ಹೇಳಿದರೂ ಅವನು ತಲೆಯಾಡಿಸಿದ.

"ಏ ನೀಲವ್ವ, ನಂಗ ಚಲೋ ನೆನಪದ. ಹಣ್ಣಾಗಬೇಕು ಅಂದಿ. ಕಾಯಿ ಹರಿದ್ರ ಏನ್ ಬರ್ತದ?"

"ಅದು ತಪ್ಪದಲೋ ಅಣ್ಣಾ! ನಾನೇ ಹೇಳ್ಲಿಕತ್ತೀನಿ, ತಪ್ಪು ಅಂತ!"

"ಆವಾಗ ನಿನ್ನ ತಲಿ ಚಲೋ ಇತ್ತು. ಈಗ ವಯಸ್ಸಾಗ್ಯದ, ಯಾರೋ ಹೇಳಿದ್ದು ಕೇಳ್ಕೊಂಡ್ ಬಂದು ಏನೇನೋ ಅಂತಿ. ಹಣ್ಣಾಗ್ಲಿ, ನಾನೇ ಬರ್ತೀನಿ."

ಮುಂದಿನ ತಿಂಗಳು ಗಾಡಿ ಬಂದಾಗ ಹನ್ನೊಂದರಲ್ಲಿ ಏಳು ಜನ ಬಂದರು. ಆರು ಜನರದು ಪೊರೆಯೇ, ಆಪರೇಷನ್ನಿಗೆ ಹೋದರು. ಏಳನೆಯವಳಿಗೆ ದ್ರೌಪದಿಯ ರೋಗವೇ ಇತ್ತು, ಆದರೆ ಈಗಷ್ಟೇ ಶುರು. ಕಣ್ಣು ಉಳಿಯುತ್ತದೆ ಎಂದಳು ಮುಬೀನ. ವಿಮಲಾಬಾಯಿ ಗಾಡಿಗೆ ಬರಲಿಲ್ಲ. ಮಗನ ಕಾರಿನಲ್ಲಿ ಕಲಬುರಗಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಓಣಿಯಲ್ಲಿ ಎದುರಾದರೆ ಈಗ ನೀಲಾಬಾಯಿ ಅವಳಿಗೆ ದೂರದಿಂದಲೇ ಕಾಣುತ್ತಾಳೆ. ವಿಮಲಾಬಾಯಿ ನಿಂತು ಮಾತಾಡುವುದಿಲ್ಲ. ಸಿದ್ಧಲಿಂಗನ ಮನೆಗೆ ನೀಲಾಬಾಯಿ ಪ್ರತಿ ತಿಂಗಳೂ ಹೋಗುತ್ತಾಳೆ. ಅವನು ಪ್ರತಿ ತಿಂಗಳೂ ಅವಳ ಹಳೆಯ ಮಾತನ್ನೇ ಅವಳಿಗೆ ತಿರುಗಿಸಿ ಹೇಳಿ ಕಳಿಸುತ್ತಾನೆ.

ದ್ರೌಪದಿಗೆ ಹನಿ ಹಾಕುವ ಕೆಲಸವನ್ನು ನೀಲಾಬಾಯಿ ಸೊಸೆಗೆ ಬಿಟ್ಟುಕೊಟ್ಟಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗಿ, ಅವಳನ್ನು ಹೊರಸಿನ ಮೇಲೆ ಮಲಗಿಸಿ, ಮುಬೀನ ಕಲಿಸಿದಂತೆ ಕೆಳರೆಪ್ಪೆ ಎಳೆದು ಒಂದೇ ಹನಿ ಬಿಡುತ್ತಾಳೆ. ಒಂದು ಸಂಜೆ ಅವಳಿಗೆ ತಡೆಯಲಾಗಲಿಲ್ಲ. ಎಷ್ಟು ಉಳಿದಿದೆ, ಎಷ್ಟು ಹೋಗಿದೆ, ತಿಳಿಯಬೇಕೆನಿಸಿತು. ಸದ್ದಾಗದಿರಲೆಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಲ್ಲಗೆ ಎಡಬದಿಯಿಂದ ಕೈ ತಂದಳು. ಕಿವಿ ದಾಟಿತು. ಕೆನ್ನೆ ದಾಟಿತು. ದ್ರೌಪದಿ ಅಲುಗಲಿಲ್ಲ. ಕೈ ಹೆಚ್ಚುಕಡಿಮೆ ಮೂಗಿನ ಹತ್ತಿರ ಬಂದಾಗ ಅವಳೆಂದಳು:

"ಕೈ ತೆಗಿ, ವೈನಿ. ಬ್ಯಾಟರಿ ಬಿಟ್ರೂ ಡಾಕ್ಟರಕಿ ಬಿಡವಲ್ಲಿ ನೀ."

"ಹಂಗಲ್ಲ, ದ್ರೌಪದಿ..."

"ಎಷ್ಟ್ ಉಳದದ ಅಂತ ಆ ಗಾಡಿ ಪೋರಿ ಹೇಳ್ತಾಳ. ನೀ ಹೇಳಬ್ಯಾಡ. ನೀ ದವಾ ಹಾಕು."

ನೀಲಾಬಾಯಿ ಕೈ ಇಳಿಸಿದಳು. ಸೀಸೆಯ ಮುಚ್ಚಳ ತಿರುಗಿಸಿದಳು. ರೆಪ್ಪೆ ಎಳೆದಾಗ ಪಾಪೆ ಅದೇ ಬೂದಿ ಬಣ್ಣಕ್ಕಿತ್ತು. ಅವಳು ಕಾಯಿ ಎನ್ನಲಿಲ್ಲ, ಹಣ್ಣು ಎನ್ನಲಿಲ್ಲ. ಹನಿ ಬಿಟ್ಟಳು.